ಹಳೆಯ ಫೆಲ್ಟ್ ಹ್ಯಾಟು ಯಾವ ಕಾಲದ್ದೆಂದು ತಿಳಿಯಬೇಕಾದರೆ ಚರ್ಮದ ಪಟ್ಟಿ ಮಗುಚಿ ನೋಡಿ

ನಿಮ್ಮ ಪ್ರಶ್ನೆ ಇದು: ಅಮೆರಿಕದ ಎಸ್ಟೇಟ್ ಸೇಲ್ (ಮನೆಯ ಹಳೆಯ ಸಾಮಾನುಗಳ ಮಾರಾಟ) ಒಂದರಲ್ಲಿ ಬೂದು ಬಣ್ಣದ ಫೆಡೋರಾ, ಅಂದರೆ ನೆತ್ತಿಯಲ್ಲಿ ಮಡಿಕೆಯಿರುವ ಫೆಲ್ಟ್ ಹ್ಯಾಟು ಕೊಂಡಿದ್ದೀರಿ. ತಯಾರಕರ ಹೆಸರಿಲ್ಲ, ಅಂಗಡಿಯ ಹೆಸರು ಅರ್ಧ ಅಳಿಸಿದೆ. ಬ್ರಿಮ್ಮಿನ (ಸುತ್ತಲೂ ಹೊರಚಾಚಿದ ಅಂಚಿನ) ಅಗಲ 2 ಇಂಚಿಗೂ ತುಸು ಕಡಿಮೆ. ಒಳಗಿನ ಚರ್ಮದ ಪಟ್ಟಿಯ ಹಿಂದೆ ‘ಯುನೈಟೆಡ್ ಹ್ಯಾಟರ್ಸ್, ಕ್ಯಾಪ್ ಅಂಡ್ ಮಿಲಿನರಿ ವರ್ಕರ್ಸ್’ ಎಂಬ ಕಾರ್ಮಿಕ ಸಂಘದ ಚೀಟಿ ಇದೆ. ಮಾರಿದವರು ‘1930ರ ಆಸುಪಾಸಿನದು’ ಎಂದಿದ್ದಾರೆ, ಅದು ನಿಜವೇ?

ಅಷ್ಟು ಹಳೆಯದಲ್ಲ. ಆ ಚೀಟಿ ಮೂಲದ್ದೇ ಆಗಿದ್ದರೆ ಹ್ಯಾಟು 1934ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಉಳಿದ ಲಕ್ಷಣಗಳನ್ನೂ ಸೇರಿಸಿ ನೋಡಿದರೆ 1950ರ ದಶಕದ ಕೊನೆ ಅಥವಾ 60ರ ದಶಕದ ಮೊದಲ ಭಾಗ ಅನ್ನುತ್ತೇನೆ. ಹೇಗೆ ಎಂದು ವಿವರಿಸುತ್ತೇನೆ, ಮುಂದೆ ಬೇರೆ ಹ್ಯಾಟು ಸಿಕ್ಕಾಗಲೂ ನಿಮಗೆ ಉಪಯೋಗವಾದೀತು.

ಮೊದಲು ಕೈಗೆ ಗ್ಲೌಸ್ ಹಾಕಿಕೊಳ್ಳಿ. ತುಪ್ಪಳವನ್ನು ಒತ್ತಿ ದಪ್ಪ ಬಟ್ಟೆಯಂಥ ಫೆಲ್ಟ್ ಮಾಡಲು ಹಿಂದೆ ಪಾದರಸದ ನೈಟ್ರೇಟ್ ಬಳಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ತೆರೆ ಬಿದ್ದದ್ದು 1941ರ ಡಿಸೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಫೆಲ್ಟಿನಲ್ಲಿ ಪಾದರಸ ಇನ್ನೂ ಉಳಿದಿರಬಹುದು, ಹಾಗಾಗಿ ಕಾಲ ಗೊತ್ತಾಗುವ ಮೊದಲೇ ಆಕಾರ ಸರಿಮಾಡಲೆಂದು ಹಬೆ ಹಿಡಿಯಲು ಹೋಗಬೇಡಿ. ಹ್ಯಾಟನ್ನು ಮಗುಚಿ, ಕ್ರೌನ್ (ತಲೆಯ ಮೇಲೆ ಕೂರುವ ಉಬ್ಬಿದ ಭಾಗ) ಕೆಳಗೆ ಬರುವಂತೆ ಮೆತ್ತನೆಯ ಬಟ್ಟೆಯ ಮೇಲಿಡಿ. ಒಳಗೆ ಸುತ್ತಲೂ ಇರುವ ಚರ್ಮದ ಪಟ್ಟಿಯೇ ಸ್ವೆಟ್‌ಬ್ಯಾಂಡ್. ಒಣಗಿದ ಚರ್ಮ ಹೊಲಿಗೆಯ ತೂತುಗಳ ಉದ್ದಕ್ಕೂ ಹರಿಯುತ್ತದೆ. ಆದ್ದರಿಂದ ಅದನ್ನು ಎಳೆಯುವ ಮೊದಲು ಟಾರ್ಚ್ ಬಿಟ್ಟು, ದಂತವೈದ್ಯರು ಬಳಸುವಂಥ ಸಣ್ಣ ಕನ್ನಡಿಯಲ್ಲಿ ಹಿಂಬದಿ ನೋಡಿ. ಚರ್ಮ ಮೃದುವಾಗಿದ್ದರೆ ಮಾತ್ರ ಹಿಂಭಾಗದಿಂದ ಶುರುಮಾಡಿ ಮೆಲ್ಲಗೆ ಹೊರಕ್ಕೆ ಮಗುಚಿ.

ಅಲ್ಲಿ ಸಿಗುವ ಸಾಕ್ಷ್ಯಗಳಲ್ಲಿ ಕಾರ್ಮಿಕ ಸಂಘದ ಚೀಟಿಯೇ ಎಲ್ಲಕ್ಕಿಂತ ಗಟ್ಟಿ. ‘ಯುನೈಟೆಡ್ ಹ್ಯಾಟರ್ಸ್ ಆಫ್ ನಾರ್ತ್ ಅಮೆರಿಕ’ ಎಂಬ ಕಾರ್ಮಿಕ ಸಂಘ 1896ರಲ್ಲಿ ಹುಟ್ಟಿತು. 1934ರಲ್ಲಿ ಅದು ಟೋಪಿ ಮತ್ತು ಮಿಲಿನರಿ (ಹೆಂಗಸರ ಹ್ಯಾಟು ತಯಾರಿಕೆ) ಕಾರ್ಮಿಕರ ಸಂಘದೊಂದಿಗೆ ಸೇರಿಕೊಂಡಿತು. ನಿಮ್ಮ ಚೀಟಿಯಲ್ಲಿರುವ ಉದ್ದ ಹೆಸರು ಬಂದದ್ದು ಆಗಲೇ. 1983ರಲ್ಲಿ ಈ ಸಂಘವೂ ದೊಡ್ಡ ಜವಳಿ ಒಕ್ಕೂಟವೊಂದರಲ್ಲಿ ವಿಲೀನವಾಯಿತು. ಹೀಗೆ ಹೆಸರೊಂದರಿಂದಲೇ ಎರಡು ಗಡಿ ಸಿಗುತ್ತವೆ. ಹಳೆಯ ಚೀಟಿ ಮಾಸಲು ಹಳದಿ ಕಾಗದದ್ದು, ನಾಲ್ಕೂ ಅಂಚಿನಲ್ಲಿ ಅಂಚೆಚೀಟಿಯ ಹಾಗೆ ಹಲ್ಲುಗಳಿರುತ್ತವೆ. ಎರಡೋ ಮೂರೋ ಬದಿಗೆ ಮಾತ್ರ ಹಲ್ಲಿದ್ದರೆ ಅದು ನಕಲಿ ಎಂದು ಸಂಘವೇ ಆ ಕಾಲದಲ್ಲಿ ಜಾಹೀರಾತು ಕೊಟ್ಟು ಎಚ್ಚರಿಸುತ್ತಿತ್ತು. ಅಂಗಡಿಯವನು ಬಿಡಿ ಚೀಟಿ ಇಟ್ಟುಕೊಂಡು ‘ಹಚ್ಚಿಕೊಡುತ್ತೇನೆ’ ಎಂದರೆ ಅವನಲ್ಲಿ ವ್ಯಾಪಾರವನ್ನೇ ಮಾಡಬೇಡಿ ಎಂದೂ ಅದರಲ್ಲಿ ಇರುತ್ತಿತ್ತು. ಚೀಟಿ ಇಲ್ಲದಿದ್ದರೆ ಮಾತ್ರ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಅದೇ ಜಾಹೀರಾತುಗಳು ಫಿಲಡೆಲ್ಫಿಯಾದ ಸ್ಟೆಟ್ಸನ್ ಕಂಪನಿಯನ್ನು ಸಂಘಕ್ಕೆ ಸೇರದ ಕಾರ್ಖಾನೆ ಎಂದು ಹೆಸರಿಸುತ್ತಿದ್ದವು. ಹಳೆಯ ಸ್ಟೆಟ್ಸನ್‌ನಲ್ಲಿ ಚೀಟಿ ಕಾಣದಿದ್ದರೆ ಅದು ಸಹಜ.

ಇನ್ನೊಂದು ಸಣ್ಣ ಚೀಟಿ ಎನ್‌ಆರ್‌ಎ, ಅಂದರೆ ನ್ಯಾಷನಲ್ ರಿಕವರಿ ಅಡ್ಮಿನಿಸ್ಟ್ರೇಷನ್ ಎಂಬ ಅಮೆರಿಕದ ಸರ್ಕಾರಿ ಸಂಸ್ಥೆಯದು. ಆ ವ್ಯವಸ್ಥೆ 1933ರಲ್ಲಿ ಬಂತು, 1935ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಹ್ಯಾಟಿನಲ್ಲಿ ಆ ಚೀಟಿ ಸಿಕ್ಕರೆ ಕಾಲವನ್ನು ಎರಡು ವರ್ಷದೊಳಗೆ ಹಿಡಿದಂತೆಯೇ. ಮಾರಿದವರ ಮಾತನ್ನು ನಿಜ ಮಾಡಬಲ್ಲ ಸಾಕ್ಷ್ಯ ಅಂದರೆ ಇಂಥದ್ದು.

ಅಂಗಡಿಯ ವಿಳಾಸ ಅರ್ಧ ಅಳಿಸಿದ್ದರೂ ಅಂಕಿಗಳನ್ನು ಹುಡುಕಿ. ಊರಿನ ಹೆಸರಿನ ಮುಂದೆ ಒಂದೋ ಎರಡೋ ಅಂಕಿಯ ಅಂಚೆ ವಲಯ ಇದ್ದರೆ 1943ರ ನಂತರದ್ದು, ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರದ್ದು. ಲಂಡನ್ ಹ್ಯಾಟುಗಳಲ್ಲಿ ‘ಎಸ್.ಡಬ್ಲ್ಯೂ.1’ ಎಂಬಂಥ ಅಂಕಿಯಿರುವ ವಿಳಾಸ ಶುರುವಾದದ್ದು 1917ರಿಂದ. ಬ್ರ್ಯಾಂಡ್ ಗೊತ್ತಿದ್ದರೆ ಕಂಪನಿಯ ಇತಿಹಾಸವೂ ನೆರವಾಗುತ್ತದೆ: ಡ್ಯಾನ್‌ಬರಿಯ ಮ್ಯಾಲರಿ ಕಂಪನಿಯನ್ನು ಸ್ಟೆಟ್ಸನ್ ಕೊಂಡದ್ದು 1946ರಲ್ಲಿ. ಸ್ಟೆಟ್ಸನ್ ತನ್ನ ಫಿಲಡೆಲ್ಫಿಯಾ ಕಾರ್ಖಾನೆ ಮುಚ್ಚಿದ್ದು 1971ರಲ್ಲಿ.

ಇನ್ನು ಹೊಲಿಗೆಗೆ ಬನ್ನಿ. ಒಳ್ಳೆಯ ಹ್ಯಾಟುಗಳಲ್ಲಿ ಚರ್ಮವನ್ನು ನೇರವಾಗಿ ಫೆಲ್ಟಿಗೆ ಹೊಲಿಯುವುದಿಲ್ಲ. ಪಟ್ಟಿಯ ಅಂಚಿನಲ್ಲಿ ಒಂದು ತೆಳು ಕಡ್ಡಿ ಇರುತ್ತದೆ, ಅದನ್ನು ಸುತ್ತಿದ ಬಟ್ಟೆಯನ್ನು ಫೆಲ್ಟಿಗೆ ಹೊಲಿದಿರುತ್ತಾರೆ. ಈ ಸುತ್ತುಬಟ್ಟೆ ಹಳೆಯ ಹ್ಯಾಟುಗಳಲ್ಲಿ ಎಣ್ಣೆಬಟ್ಟೆ. ವಯಸ್ಸಾದಂತೆ ಅದು ಗಡುಸಾಗಿ ಬಿರುಕು ಬಿಡುತ್ತದೆ, ಮುಟ್ಟಿದರೆ ಚಕ್ಕೆ ಏಳುತ್ತದೆ. ಆ ಜಾಗದಲ್ಲಿ ಬಾಗುವ, ನುಣುಪಾದ ಪ್ಲಾಸ್ಟಿಕ್ ಪಟ್ಟಿ ಕಂಡರೆ ಈಚಿನ ಕಾಲ ಅಂದುಕೊಳ್ಳಿ. ಹಿಂಭಾಗದಲ್ಲಿ ಚರ್ಮದ ಎರಡು ತುದಿ ಸೇರುವ ಜಾಗವನ್ನೂ ನೋಡಿ. ದಾರದ ಹೊಲಿಗೆ ಹಳೆಯ ಪದ್ಧತಿ, ಟೇಪ್ ಹಾಕಿ ಅಂಟಿಸಿದ್ದು ತಡವಾಗಿ ಬಂದದ್ದು. ಅಲ್ಲೇ ಇರುವ ಪುಟ್ಟ ರಿಬ್ಬನ್ ಬೋವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದನ್ನು ಇಂದಿಗೂ ಹಾಕುತ್ತಾರೆ.

ದಾರವನ್ನೂ ಪರೀಕ್ಷಿಸಬಹುದು. ರಿಬ್ಬನ್ನಿನ ಒಳಗಡೆ ಸಡಿಲವಾಗಿರುವ ಒಂದು ಸೆಂಟಿಮೀಟರ್ ಎಳೆ ಕತ್ತರಿಸಿ, ಹ್ಯಾಟಿನಿಂದ ದೂರ ಒಯ್ದು, ಚಿಮುಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟಂತಿದ್ದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಪಾಲಿಯೆಸ್ಟರ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಎಳೆ ಕತ್ತರಿಸಲು ಮನಸ್ಸಾಗದಿದ್ದರೆ ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ. ಬಿಳಿ ದಾರ ಅಥವಾ ಚೀಟಿ ನೀಲಿಯಾಗಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ, ಅದು ವ್ಯಾಪಕವಾಗಿ ಬಳಕೆಗೆ ಬಂದದ್ದೂ 1950ರ ಆಸುಪಾಸಿನಿಂದಲೇ. ಆದರೆ ಡಿಟರ್ಜೆಂಟ್ ತಗುಲಿದ ಜಾಗವೂ ಹೊಳೆಯುತ್ತದೆ, ಒಂದೇ ಕಡೆ ಹೊಳೆದರೆ ನಂಬಬೇಡಿ.

ಇಷ್ಟೆಲ್ಲ ಆದ ಮೇಲೆ ಹೊರಗಿನ ಆಕಾರ ನೋಡಿ. ಹೆಚ್ಚಿನವರು ಇಲ್ಲಿಂದ ಶುರುಮಾಡುತ್ತಾರೆ, ಎಡವುವುದೂ ಇಲ್ಲೇ. 1930–40ರ ದಶಕದ ಫೆಡೋರಾಗಳಲ್ಲಿ ಸುಮಾರು ಎರಡೂವರೆ ಇಂಚಿನ ಬ್ರಿಮ್, ಎತ್ತರದ ಕ್ರೌನ್, ಅಗಲ ರಿಬ್ಬನ್ ಸಾಮಾನ್ಯ. 60ರ ಹೊತ್ತಿಗೆ ಬ್ರಿಮ್ 2 ಇಂಚಿಗಿಂತ ಕಿರಿದಾಗಿ ಕ್ರೌನ್ ತಗ್ಗಿತು, ರಿಬ್ಬನ್ ಸಣ್ಣದಾಯಿತು. ಆದರೆ ಫ್ಯಾಷನ್ ಬದಲಾದಾಗ ಹಳೆಯ ಹ್ಯಾಟಿನ ಬ್ರಿಮ್ ಕತ್ತರಿಸಿ ಕಿರಿದು ಮಾಡಿಸಿಕೊಂಡವರೂ ಇದ್ದರು. ಅಂಚಿಗೆ ಸಾಲಾಗಿ ಹಳೆಯ ಸೂಜಿತೂತುಗಳಿವೆಯೇ, ಅಗಲ ಎಲ್ಲ ಕಡೆ ಒಂದೇ ಇದೆಯೇ ಎಂದು ಅಳೆದು ನೋಡಿ. ರಿಬ್ಬನ್ ಬದಲಾಗಿದೆಯೇ ಎಂಬುದನ್ನು ಫೆಲ್ಟೇ ಹೇಳುತ್ತದೆ: ಮೂಲ ರಿಬ್ಬನ್ನಿನ ಅಡಿಯಲ್ಲಿದ್ದ ಭಾಗ ಬಿಸಿಲು ಕಾಣದೆ ಗಾಢವಾಗಿ ಉಳಿದಿರುತ್ತದೆ. ಈಗಿನ ರಿಬ್ಬನ್ನಿನ ಮೇಲಂಚಿನಾಚೆ ಆ ಗಾಢ ಪಟ್ಟಿ ಇಣುಕುತ್ತಿದ್ದರೆ ಅಗಲದ್ದನ್ನು ತೆಗೆದು ಸಣ್ಣದನ್ನು ಕಟ್ಟಿದ್ದಾರೆ ಎಂದೇ ಅರ್ಥ. ಸ್ವೆಟ್‌ಬ್ಯಾಂಡ್ ಬದಲಾಗಿದ್ದರೆ ಫೆಲ್ಟಿನಲ್ಲಿ ಎರಡು ಸಾಲು ತೂತುಗಳಿರುತ್ತವೆ. ಆಗ ಅದರ ಹಿಂದಿನ ಚೀಟಿಗಳು ದುರಸ್ತಿಯ ಕಾಲವನ್ನು ಹೇಳುತ್ತವೆ, ಹ್ಯಾಟಿನದನ್ನಲ್ಲ.

ಲೆಕ್ಕ ಹಾಕುವಾಗ ಎಲ್ಲ ಲಕ್ಷಣಗಳ ಸರಾಸರಿ ತೆಗೆಯಬೇಡಿ. ಮೂಲದ ಭಾಗಗಳಲ್ಲಿ ಅತಿ ತಡವಾಗಿ ಬಂದದ್ದು ಯಾವುದೋ ಅದರ ಮಾತೇ ನಡೆಯುತ್ತದೆ. ಹತ್ತು ಲಕ್ಷಣ 1930 ಅಂದರೂ ಮೂಲ ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಹ್ಯಾಟು 1950ರ ನಂತರದ್ದೇ.

ನಿಮ್ಮ ಹ್ಯಾಟಿನಲ್ಲಿ ಚೀಟಿ 1934ರ ಗಡಿ ಹಾಕಿದೆ, ಕಿರಿದಾದ ಬ್ರಿಮ್ ಇನ್ನೂ ಈಚೆಗೆ ಎಳೆಯುತ್ತಿದೆ. ಬ್ರಿಮ್ ಕತ್ತರಿಸಿದ್ದಲ್ಲ ಎಂದು ಖಾತ್ರಿಯಾದರೆ ನನ್ನ ಅಂದಾಜು ನಿಲ್ಲುತ್ತದೆ. ಬ್ರಿಮ್ಮಿನ ಅಂಚು, ಸ್ವೆಟ್‌ಬ್ಯಾಂಡಿನ ಹಿಂಭಾಗದ ಜೋಡಣೆ, ರಿಬ್ಬನ್ನಿನ ಮೇಲಂಚು, ಈ ಮೂರರ ಫೋಟೊಗಳನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದು ಪ್ರಶ್ನೆಗೆ ಸೇರಿಸಿ. ನೋಡಿ ಹೇಳುತ್ತೇನೆ.