ಗೆದ್ದರೆ ಹುಡುಗರು, ಸೋತರೆ ಕೋಚ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫುಟ್‌ಬಾಲ್ ಕೋಚ್‌ಗಳ ಮೇಲೇ ಇವೆ. ಕ್ರಿಕೆಟ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ತಾಳಿಕೊಳ್ಳಿ.

ಸರ್, ನಾವು ನಾಲ್ವರು ಒಂದೇ ರೂಮಿನಲ್ಲಿದ್ದೇವೆ, ನಾಲ್ವರೂ ಬೆಂಗಳೂರು ಎಫ್‌ಸಿ ಕಡೆಯವರು. ಆದರೂ ಜಗಳ ತಪ್ಪಿಲ್ಲ. ಜೆರಾರ್ಡ್ ಜರಗೋಜಾ ಕೋಚ್ ಆಗಿ ಬಂದ ಸೀಸನ್‌ನಲ್ಲಿ ತಂಡ ಹತ್ತನೇ ಸ್ಥಾನ, ಮುಂದಿನ ಸೀಸನ್‌ನಲ್ಲಿ ಫೈನಲ್. ಒಬ್ಬ, ಕೋಚೇ ದೊಡ್ಡವನು ಅಂತಾನೆ, ಇನ್ನೊಬ್ಬ, ಎಲ್ಲಾ ಸ್ಟ್ರೈಕರ್ ಸುನಿಲ್ ಚೆಟ್ರಿ ಪುಣ್ಯ ಅಂತಾನೆ. ಕೋಚ್‌ಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಅಂತ ಹಾಕೋದು ಹೇಗೆ?
— ಸ್ಟೇಷನ್ ಬಜಾರ್, ಕಲಬುರಗಿ

ಇಬ್ಬರು ಹೇಳುವುದೂ ಅರ್ಧ ಸರಿ ತಮ್ಮಾ, ಅದಕ್ಕೇ ಜಗಳ ಮುಗಿಯುತ್ತಿಲ್ಲ.

ಮೊದಲು ಆ ಹತ್ತನೇ ಸ್ಥಾನವನ್ನು ಬದಿಗಿಡಿ. ಹಿಂದಿನ ಕೋಚ್ ಸೈಮನ್ ಗ್ರೇಸನ್ ಅವರನ್ನು ತೆಗೆದು ಜರಗೋಜಾ ಅವರನ್ನು ಕರೆತಂದದ್ದು 2023ರ ಡಿಸೆಂಬರ್‌ನಲ್ಲಿ, ಅಂದರೆ ಸೀಸನ್ ನಡುವೆ. ನಿಮಗೆ ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. ಜೂನ್‌ನಲ್ಲಿ ಬಿತ್ತಿದ ತೊಗರಿ ರಾಶಿಗೆ ಬರುವುದು ಡಿಸೆಂಬರ್ ಜನವರಿಗೆ. ದೀಪಾವಳಿ ಹೊತ್ತಿಗೆ ಹೊಲ ಲಾವಣಿಗೆ ಹಿಡಿದವನಿಗೆ ಬೀಜ ಯಾಕೆ ಇಂಥದ್ದು ಹಾಕಿದೆ, ನೆಟೆ ರೋಗ ಯಾಕೆ ಬಂತು ಅಂತ ಬೈದರೆ ಹೇಗೆ? ಬೀಜ ಅವನದಲ್ಲ. ಅವನಿಗೆ ಮಾರ್ಕ್ಸ್ ಹಾಕಬೇಕಾದದ್ದು ಮುಂದಿನ ಬೆಳೆಗೆ.

ಆ ಮುಂದಿನ ಬೆಳೆ 2024-25. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಮೂರನೇ ಸ್ಥಾನ, ಆಮೇಲೆ ಕೋಲ್ಕತ್ತಾದಲ್ಲಿ ಫೈನಲ್, ಮೋಹನ್ ಬಾಗಾನ್ ಮುಂದೆ ಹೆಚ್ಚುವರಿ ಸಮಯದಲ್ಲಿ 1-2 ಸೋಲು. ಚೆಟ್ರಿ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು, ಅದೂ 40ನೇ ವಯಸ್ಸಿನಲ್ಲಿ. ನಿಮ್ಮ ಗೆಳೆಯ ಇದನ್ನು ಕೋಚ್‌ನ ಲೆಕ್ಕದಿಂದ ಕಳೆಯುತ್ತಾನೆ, ನಾನು ಸ್ವಲ್ಪ ಕೂಡಿಸುತ್ತೇನೆ. ನಲವತ್ತರ ಕಾಲನ್ನು ಎಷ್ಟು ಹೊತ್ತು ಓಡಿಸಬೇಕು, ಯಾವ ಪಂದ್ಯದಲ್ಲಿ ಬೆಂಚ್‌ನಿಂದ ಇಳಿಸಬೇಕು ಅಂತ ತೂಗಿದವರು ಯಾರು? ಗೋಲು ಹೊಡೆದದ್ದು ಚೆಟ್ರಿಯೇ, ಅದರಲ್ಲಿ ಎರಡು ಮಾತಿಲ್ಲ.

ಸ್ಕೋರ್ ಬಿಟ್ಟು ನಾನು ನೋಡುವ ಜಾಗಗಳು ಬೇರೆ. ಬಾಲ್ ಕಳಕೊಂಡ ಮೇಲಿನ ಐದು ಸೆಕೆಂಡ್ ನೋಡಿ, ಎಷ್ಟು ಜನ ತಿರುಗಿ ಓಡುತ್ತಾರೆ, ಎಷ್ಟು ಜನ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಕ್ಯಾಮೆರಾ ಬಾಲ್ ಹಿಂದೆ ಹೋಗುವುದರಿಂದ ಟಿವಿಯಲ್ಲಿ ಇದು ಪೂರ್ತಿ ಕಾಣುವುದಿಲ್ಲ, ಆದರೂ ಮೂಲೆಯಲ್ಲಿ ಕಾಣುತ್ತದೆ. ಅರವತ್ತನೇ ನಿಮಿಷಕ್ಕೆ ಆಟಗಾರನನ್ನು ಬದಲಿಸಿದ ಮೇಲೆ ಆಟದ ರೀತಿ ಬದಲಾಯಿತಾ, ಇಲ್ಲ ಬರೀ ಜರ್ಸಿ ನಂಬರ್ ಬದಲಾಯಿತಾ? ಕಾರ್ನರ್‌ನಲ್ಲಿ ಅದೇ ಜಾಗದಿಂದ ಅದೇ ಥರದ ಗೋಲು ಮೂರನೇ ಸಲ ತಿಂದರಾ? ಮೂರನೇ ಸಲ ತಿಂದದ್ದು ಕೋಚ್‌ನ ಖಾತೆಗೇ.

ಇನ್ನೊಂದು ತೊಡಕು ಇದೆ. 2017-18ರಲ್ಲಿ ಆಲ್ಬರ್ಟ್ ರೋಕಾ ಇದೇ ಬೆಂಗಳೂರನ್ನು ಲೀಗ್‌ನಲ್ಲಿ ಮೊದಲ ಸ್ಥಾನಕ್ಕೆ ತಂದು, ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಮುಂದೆ 2-3 ಸೋತರು. ಮರುವರ್ಷ ಅವರ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾದ್ರಾತ್ ಕುರ್ಚಿಗೆ ಬಂದರು, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಗೋಲು ಹೊಡೆದರು, ಕಪ್ ಬಂತು. ಆ ಕಪ್‌ನ ಮಾರ್ಕ್ಸ್ ಯಾರಿಗೆ? ಬಿತ್ತಿದವರು ಒಬ್ಬರು, ರಾಶಿ ಮಾಡಿದವರು ಇನ್ನೊಬ್ಬರು. ಪಟ್ಟಿಯಲ್ಲಿ ಒಂದೇ ಹೆಸರು ಇರುತ್ತದೆ.

ಜರಗೋಜಾಗೆ ಆ ಸೀಸನ್ ಮಟ್ಟಿಗೆ ನಾನು ಏಳು ಕೊಡುತ್ತೇನೆ. ಫೈನಲ್‌ನಲ್ಲಿ ಒಂದು ಗೋಲು ಮುಂದಿದ್ದು ಸೋತದ್ದಕ್ಕೆ ಮೂರು ಕಡಿದಿದ್ದೇನೆ. ಬಾಗಾನ್‌ಗೆ ಪೆನಾಲ್ಟಿ ಸಿಕ್ಕರೆ ಕೋಚ್ ಏನು ಮಾಡ್ತಾನೆ ಅಂತ ನಿಮ್ಮಲ್ಲಿ ಒಬ್ಬ ಎದ್ದೇ ಏಳುತ್ತಾನೆ. ಅವನ ಸಲುವಾಗಿ ಏಳೂವರೆ ಮಾಡಿಕೊಳ್ಳಿ.

ನಾವು ಬೀದರ್‌ನವರು ಬೆಂಗಳೂರಿಗಿಂತ ಹೈದರಾಬಾದ್ ಎಫ್‌ಸಿ ಕಡೆ ಜಾಸ್ತಿ. ಅದರ ಕೋಚ್ ಆಗಿದ್ದ ಮನೋಲೊ ಮಾರ್ಕ್ವೆಸ್ ನಮಗೆ ದೇವರು. ಆದರೆ ಭಾರತ ತಂಡಕ್ಕೆ ಹೋಗಿ ಅವರು ಏನೂ ಮಾಡಲಿಲ್ಲ. ಹಾಗಾದರೆ ಒಳ್ಳೆ ಕೋಚಾ, ಅಲ್ವಾ?
— ಬೀದರ್

ನಿಮ್ಮ ಊರಿಂದ ಹೈದರಾಬಾದ್ 150 ಕಿ.ಮೀ. ಒಳಗೇ ಇದೆ, ಬೆಂಗಳೂರು ಅಂದರೆ ಒಂದು ರಾತ್ರಿ ಪೂರ್ತಿ ಪ್ರಯಾಣ. ಹಾಗಾಗಿ ಪ್ರೀತಿ ಅತ್ತ ಹರಿದದ್ದಕ್ಕೆ ಕಾರಣ ಕೇಳುವುದಿಲ್ಲ.

ಕೋಚ್‌ನ ಕೈಚಳಕ ನೋಡಬೇಕು ಅಂದರೆ ಹೈದರಾಬಾದ್‌ಗಿಂತ ಒಳ್ಳೆ ಉದಾಹರಣೆ ಐಎಸ್‌ಎಲ್‌ನಲ್ಲಿ ನನಗೆ ಕಾಣುವುದಿಲ್ಲ. 2019-20ರಲ್ಲಿ 18 ಪಂದ್ಯ ಆಡಿ 10 ಪಾಯಿಂಟ್, ಕಟ್ಟಕಡೆಯ ಸ್ಥಾನ. ಆಮೇಲೆ ಬರಬೇಕಾಗಿದ್ದವರು ಅದೇ ರೋಕಾ, ಬಾರ್ಸಿಲೋನಾ ಫಿಟ್‌ನೆಸ್ ಕೆಲಸಕ್ಕೆ ಕರೆದಿತು ಅಂತ ಹೋಗಿಬಿಟ್ಟರು. ಆ ಜಾಗಕ್ಕೆ ಮನೋಲೊ ಬಂದರು. ಮೊದಲ ಸೀಸನ್‌ನಲ್ಲೇ ತಂಡ ಐದನೇ ಸ್ಥಾನಕ್ಕೆ ಏರಿತು. ಹೆಚ್ಚು ಜನ ಹೆಸರೇ ಕೇಳಿರದ ಆಕಾಶ್ ಮಿಶ್ರಾ, ಆಶಿಶ್ ರಾಯ್ ಥರದ ಹುಡುಗರನ್ನು ವಾರ ವಾರ ಆಡಿಸಿದರು. 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಕಪ್. ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಪೆನಾಲ್ಟಿ ಹಿಡಿದರು. ಆ ಅಡ್ಡಹೆಸರು ಕೇಳಿ ನಮ್ಮ ಕಡೆಯವರೇ ಇರಬೇಕು ಅಂತ ಅವತ್ತು ಎಷ್ಟು ಜನ ಫೋನ್ ಮಾಡಿದರು! ಅವರು ಗೋವಾದವರು.

ಆದರೆ ಅದೇ ಕ್ಲಬ್ 2023-24ರಲ್ಲಿ 22 ಪಂದ್ಯ ಆಡಿ 8 ಪಾಯಿಂಟ್, ಒಂದೇ ಗೆಲುವು. ಕೋಚ್ ಹೋದದ್ದಕ್ಕಾ? ಅಷ್ಟೇ ಅಲ್ಲ. ಸಂಬಳ ನಿಂತಿತು, ವಿದೇಶಿ ಆಟಗಾರರು ಬಿಟ್ಟು ಹೋದರು, ಉಳಿದವರು ಚಿಕ್ಕ ಹುಡುಗರು. ಆಗ ಕೋಚ್ ಆಗಿ ಬೆಂಚ್ ಮೇಲೆ ಕೂತ ಥಾಂಗ್‌ಬೋಯ್ ಸಿಂಗ್ಟೊಗೆ ಹತ್ತಕ್ಕೆ ಎರಡು ಹಾಕಿದ ಅಭಿಮಾನಿಗಳನ್ನು ನೋಡಿದ್ದೇನೆ. ಆ ಎರಡು ಸಿಗಬೇಕಾದದ್ದು ದುಡ್ಡು ಕೊಡದವರಿಗೆ.

ಭಾರತ ತಂಡದಲ್ಲಿ ಮನೋಲೊ ಲೆಕ್ಕ ಚೆನ್ನಾಗಿಲ್ಲ, ಒಪ್ಪುತ್ತೇನೆ. 8 ಪಂದ್ಯ, 1 ಗೆಲುವು, 4 ಡ್ರಾ, 3 ಸೋಲು. ಆ ಒಂದು ಗೆಲುವೂ ಮಾಲ್ಡೀವ್ಸ್ ಮೇಲೆ. ಆದರೆ ಅದೇ ಹೊತ್ತಿಗೆ ಅವರು ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದರು, ಅಲ್ಲಿ 2025ರ ಸೂಪರ್ ಕಪ್ ಗೆದ್ದರು. ಒಂದೇ ಮನುಷ್ಯ, ಒಂದೇ ವರ್ಷ. ಕ್ಲಬ್‌ನಲ್ಲಿ ಅವರಿಗೆ ದಿನಾ ಬೆಳಿಗ್ಗೆ ಹುಡುಗರು ಸಿಗುತ್ತಾರೆ, ದೇಶದ ತಂಡದಲ್ಲಿ ಸಿಗುವುದು ಕೆಲವೇ ದಿನ. ದಿನಾ ತಿದ್ದುವ ಮಾಸ್ತರನ್ನು ಪರೀಕ್ಷೆಯ ಹಿಂದಿನ ದಿನ ಮಾತ್ರ ಕರೆಸಿದ ಹಾಗೆ. ಅವರು ಆ ಕೆಲಸ ಒಪ್ಪಿಕೊಂಡದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಎರಡು ದೋಣಿಯ ಮೇಲೆ ಕಾಲಿಡಲು ಬಿಟ್ಟದ್ದು ಇನ್ನೂ ದೊಡ್ಡ ತಪ್ಪು.

ತಂಡ ಸೋಲ್ತಾ ಇದ್ದರೆ ಸೀಸನ್ ನಡುವೆ ಕೋಚ್ ತೆಗೆಯೋದು ಒಳ್ಳೇದಾ?
— ಯಾದಗಿರಿ

ನನ್ನದೇ ಒಂದು ಕಥೆ ಕೇಳಿ. ನಾವು ಹುಡುಗರಾಗಿದ್ದಾಗ ನಮ್ಮ ಟೀಮು ಸಾಲಾಗಿ ಮೂರು ಮ್ಯಾಚ್ ಸೋತಿತು. ಹಳೇ ಪಿಟಿ ಮಾಸ್ತರನ್ನು ಬಿಡಿಸಿ ಹೊಸಬರನ್ನು ತಂದರು. ಹೊಸ ಮಾಸ್ತರ ಹತ್ತಿರ ಹೊಳೆಯುವ ಸೀಟಿ ಇತ್ತು, ಕೂಲಿಂಗ್ ಗ್ಲಾಸ್ ಇತ್ತು. ಮೊದಲ ಮ್ಯಾಚೇ 4-0 ಗೆದ್ದೆವು. ಮೆರವಣಿಗೆ ಒಂದು ಬಾಕಿ ಇತ್ತು. ನಿಜ ಏನಂದರೆ ಎದುರಿನ ಊರಿನವರ ಟಂಟಂ ಅರ್ಧ ದಾರಿಯಲ್ಲಿ ಕೆಟ್ಟು, ಎಂಟೇ ಜನ ನಡಕೊಂಡು ಬಂದು, ಬಿಸಿಲಲ್ಲಿ ಬೆಂದು, ಮೈದಾನಕ್ಕೆ ಇಳಿದಿದ್ದರು. ಹಳೇ ಮಾಸ್ತರು ಕಾಂಪೌಂಡ್ ಪಕ್ಕ ಸೈಕಲ್ ಹಿಡಿದು ನಿಂತು ನೋಡ್ತಾ ಇದ್ದರು. ಯಾರೂ ಮಾತಾಡಿಸಲಿಲ್ಲ, ನಾನೂ.

ದೊಡ್ಡ ಲೀಗ್‌ಗಳಲ್ಲೂ ಹೀಗೇ ಆಗುತ್ತದೆ. ನೆದರ್ಲೆಂಡ್ಸ್ ಲೀಗ್‌ನ 1986ರಿಂದ 2004ರ ತನಕದ ಸೀಸನ್‌ಗಳನ್ನು ಒಬ್ಬ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದ್ದಾರೆ. ಕೋಚ್ ತೆಗೆದ ಕ್ಲಬ್‌ಗಳು ಆಮೇಲೆ ಸುಧಾರಿಸಿದವು, ಹೌದು. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚ್ ತೆಗೆಯದ ಕ್ಲಬ್‌ಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದವು. ಜ್ವರ ನೂರಮೂರಕ್ಕೆ ಏರಿದ ದಿನ ಡಾಕ್ಟರ್ ಬದಲಿಸಿದರೆ, ಮರುದಿನ ತಾನಾಗಿ ಇಳಿದ ಜ್ವರದ ಪುಣ್ಯವೂ ಹೊಸ ಡಾಕ್ಟರಿಗೇ ಹೋಗುತ್ತದೆ ಅಲ್ವಾ, ಹಾಗೆ.

ಅಂದರೆ ಬದಲಿಸಲೇಬಾರದು ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೋನ್ಸೊ ಕೋಚ್ ಆಗಿ ಬಂದಾಗ ಜರ್ಮನಿಯ ಲೆವರ್ಕೂಸನ್ 18 ತಂಡಗಳಲ್ಲಿ 17ನೇ ಸ್ಥಾನದಲ್ಲಿತ್ತು. ಮುಂದಿನ ಸೀಸನ್ ಲೀಗ್‌ನಲ್ಲಿ ಒಂದೂ ಸೋಲಿಲ್ಲದೆ ಚಾಂಪಿಯನ್, 28 ಗೆಲುವು, 6 ಡ್ರಾ. ಇದನ್ನು ಟಂಟಂ ಕೆಟ್ಟ ಗೆಲುವು ಅನ್ನಲಾಗದು. ಮೊದಲ ನಾಲ್ಕು ಮ್ಯಾಚ್ ನೋಡಿ ಕುಣಿಯಬೇಡಿ, ಒಂದು ಸೀಸನ್ ಬಿಟ್ಟು ಮಾತಾಡಿ ಅಂತಷ್ಟೇ ನಾನು ಹೇಳುವುದು.

ಕಪ್ ಗೆದ್ದ ಕೋಚ್‌ನ್ನೂ ತೆಗೀತಾರಲ್ಲ, ಇದೆಂಥ ನ್ಯಾಯ?
— ಶಹಾಪುರ

ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಬಗ್ಗೆ ಕೇಳ್ತಾ ಇದ್ದೀರಿ ಅಂದುಕೊಂಡೆ. ಆಂಜ್ ಪೋಸ್ಟೆಕೊಗ್ಲು 2025ರ ಮೇ ತಿಂಗಳಲ್ಲಿ ಯುರೋಪಾ ಲೀಗ್ ಗೆದ್ದುಕೊಟ್ಟರು, ಕ್ಲಬ್‌ಗೆ 17 ವರ್ಷದ ಮೇಲೆ ಬಂದ ಕಪ್. ಅದೇ ಸೀಸನ್ ಲೀಗ್‌ನಲ್ಲಿ 17ನೇ ಸ್ಥಾನ. ಹದಿನಾರು ದಿನಕ್ಕೆ ಮನೆಗೆ ಕಳಿಸಿದರು. ನಾನಾಗಿದ್ದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಿದ್ದೆ, ನಮ್ಮ ಮನೆಯಲ್ಲಿ ನನ್ನ ಮಗ ಮಾತ್ರ ಕಳಿಸಿದ್ದೇ ಸರಿ ಅಂತಾನೆ.

ಸಾಹೇಬರೇ, ನನಗೆ ಈಗ ಎಂಬತ್ತರ ಹತ್ತಿರ. ಈಗಿನ ಹುಡುಗರು ಸ್ಪೇನ್, ಇಂಗ್ಲೆಂಡ್ ಕೋಚ್‌ಗಳ ಹೆಸರು ಹೇಳ್ತಾರೆ. ನಮ್ಮ ರಹೀಂ ಸಾಹೇಬರ ಹೆಸರು ಯಾಕೆ ಯಾರೂ ಎತ್ತೋದಿಲ್ಲ?
— ಹುಮನಾಬಾದ್

ಕಾಕಾ, ನಿಮ್ಮ ಪತ್ರವನ್ನೇ ಮೊದಲು ಹಾಕಬೇಕಿತ್ತು.

ಹುಡುಗರಿಗಾಗಿ ಹೇಳುತ್ತೇನೆ. ಸಯ್ಯದ್ ಅಬ್ದುಲ್ ರಹೀಂ ಹೈದರಾಬಾದಿನವರು, ಮೂಲದಲ್ಲಿ ಶಾಲಾ ಮಾಸ್ತರು. 1956ರ ತನಕ ಬೀದರ್, ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಹಾಗಾಗಿ ಆಗಿನವರಿಗೆ ಅವರು ನಮ್ಮವರೇ. ಅವರು ಬೆಳೆಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರ ತನಕ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡಕ್ಕೆ 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ನಡುವೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಮುಂದೆ 1-10 ಸೋತದ್ದೂ ಇದೆ. ಇವತ್ತಾಗಿದ್ದರೆ ಅವತ್ತು ರಾತ್ರಿಯೇ ಅವರನ್ನು ತೆಗೆಯಿರಿ ಅಂತ ಮೊಬೈಲ್ ತುಂಬ ಮೆಸೇಜ್ ಓಡಾಡುತ್ತಿದ್ದವು. ಅವರು ಉಳಿದರು, ನಾಲ್ಕು ವರ್ಷಕ್ಕೆ ಮೆಲ್ಬರ್ನ್ ಆಯಿತು.

ನನಗೆ ಇಷ್ಟವಾದದ್ದು 1962ರ ಜಕಾರ್ತಾ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಬೇರೆ ಕೋಚ್ ಆಗಿದ್ದರೆ ಹೊರಗೆ ಕೂಡಿಸುತ್ತಿದ್ದರು. ರಹೀಂ ಅವರನ್ನು ಹಿಂದಿನಿಂದ ತಂದು ಫಾರ್ವರ್ಡ್‌ನಲ್ಲಿ ನಿಲ್ಲಿಸಿದರು. ಬ್ಯಾಂಡೇಜ್ ಕಟ್ಟಿದ ಮನುಷ್ಯ ಸೆಮಿಫೈನಲ್‌ನಲ್ಲಿ ಗೋಲು, ದಕ್ಷಿಣ ಕೊರಿಯಾ ವಿರುದ್ಧ ಫೈನಲ್‌ನಲ್ಲೂ ಗೋಲು, 2-1. ಆಗ ರಹೀಂ ಸಾಹೇಬರಿಗೆ ಕ್ಯಾನ್ಸರ್. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ 1970ರಲ್ಲಿ ಒಂದು ಕಂಚು ಬಂತು, ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಮತ್ತೆ ಪದಕ ಬಂದಿಲ್ಲ. ಒಬ್ಬ ಕೋಚ್ ಇದ್ದಾಗ ಏನಿತ್ತು, ಹೋದ ಮೇಲೆ ಏನಾಯಿತು ಅಂತ ಅಳೆಯುವುದಾದರೆ ಇದಕ್ಕಿಂತ ದೊಡ್ಡ ಅಳತೆ ಬೇಡ.

ನನ್ನ ಮಗ ಎರಡು ವರ್ಷದಿಂದ ಸ್ಟೇಡಿಯಂಗೆ ಫುಟ್‌ಬಾಲ್ ಕಲಿಯೋಕೆ ಹೋಗ್ತಾನೆ. ಅವರ ತಂಡ ಒಂದು ಟೂರ್ನಮೆಂಟೂ ಗೆದ್ದಿಲ್ಲ. ಬೇರೆ ತಾಯಂದಿರು ಕೋಚ್ ಸರಿಯಿಲ್ಲ, ಬಿಡಿಸಿ ಅಂತಾರೆ. ನನಗೆ ಆಟ ಗೊತ್ತಿಲ್ಲ. ಏನು ನೋಡಿ ತೀರ್ಮಾನ ಮಾಡಲಿ?
— ಸೇಡಂ ರಸ್ತೆ, ಕಲಬುರಗಿ

ಅಕ್ಕಾ, ಆಟ ಗೊತ್ತಿಲ್ಲದಿದ್ದರೂ ಕಣ್ಣಿದೆಯಲ್ಲ, ಸಾಕು. ಕಪ್ ಲೆಕ್ಕ ಬಿಡಿ, ಹನ್ನೆರಡು ವರ್ಷದ ಹುಡುಗರ ಟೂರ್ನಮೆಂಟ್‌ನಲ್ಲಿ ಮೀಸೆ ಬಂದವರೂ ಆಡುತ್ತಾರೆ, ನಿಮಗೂ ಗೊತ್ತು.

ಒಂದು ಸಂಜೆ ಹೋಗಿ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಬಿಸಿಲು ಇಳಿದ ಮೇಲೆ ಹೋಗಿ, ಸುಮ್ನೆ ತಲೆನೋವು ಬೇಡ. ಆಟ ಕಡಿಮೆ ಬರುವ ಹುಡುಗನಿಗೆ ಕೋಚ್ ಎಷ್ಟು ಹೊತ್ತು ಕೊಡುತ್ತಾರೆ ನೋಡಿ, ಚುರುಕಿನ ಹುಡುಗನಿಗಲ್ಲ. ಹೆಸರು ಹಿಡಿದು ಕರೆಯುತ್ತಾರಾ, ಇಲ್ಲ ಎಲ್ಲರಿಗೂ ಲೇ ಅಂತಾರಾ ಕೇಳಿಸಿಕೊಳ್ಳಿ. ಮತ್ತೆ, ರಹೀಂ ಸಾಹೇಬರು ಹುಡುಗರಿಗೆ ಅಭ್ಯಾಸವಿಲ್ಲದ ಕಾಲಿನಲ್ಲೇ ಒದೆಯುವ ಪಂದ್ಯ ಇಡುತ್ತಿದ್ದರಂತೆ. ನಿಮ್ಮ ಮಗ ಬಲಗಾಲಿನವನಾದರೆ, ಮನೆ ಮುಂದೆ ಅವನಿಗೊಂದು ಬಾಲ್ ಉರುಳಿಸಿ ಎಡಗಾಲಲ್ಲಿ ಒದೆ ಅನ್ನಿ. ಎರಡು ವರ್ಷದ ಹಿಂದೆ ಚರಂಡಿಗೆ ಹೋಗುತ್ತಿದ್ದದ್ದು ಈಗ ಗೋಡೆಗೆ ನೇರ ಬಡಿದರೆ, ಕೋಚ್‌ನ್ನು ಬದಲಿಸಬೇಡಿ.