ಕರ್ನಲ್ ಲೇಖನ ಓದಿದೆ, ಜೋಗ ಬಿಟ್ಟು ಅರವತ್ನಾಲ್ಕರಿಂದ ಶುರು ಮಾಡಿ

ನಮಸ್ಕಾರ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೆಮೊರಿ ಬ್ಯಾರಿಯರ್ ಬಗ್ಗೆ, ಅಂದ್ರೆ ಮೆಮೊರಿಗೆ ಬರೆಯೋದು ಓದೋದು ಹೇಳಿದ ಆರ್ಡರ್‌ನಲ್ಲೇ ಆಗ್ಲಿ ಅಂತ ಹಾಕೋ ತಡೆ ಬಗ್ಗೆ, ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗ ಇರೋ ಹಾಗೆ ಪತ್ರಿಕೆಗೆ ಹಾಕಕ್ಕಾಗಲ್ಲ. ಆದ್ರೆ ‘ಧನ್ಯವಾದ, ಮತ್ತೆ ಪ್ರಯತ್ನಿಸಿ’ ಅಂತ ಎರಡು ಸಾಲು ಬರ್ದು ಕೈ ತೊಳ್ಕೊಳ್ಳೋ ಲೇಖನಾನೂ ಅಲ್ಲ ಇದು, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರಾದ್ರೂ ಕೊನೆ ತನಕ ಓದಿ.

ಮೊದ್ಲು ಜೋಗದ ವಿಷ್ಯ ಮುಗಿಸ್ಬಿಡ್ತೀನಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಪ್ರೊಸೆಸರ್‌ನ ನಾಲ್ಕು ಕೋರ್ (ಒಂದೇ ಚಿಪ್‌ನಲ್ಲಿ ಬೇರೆಬೇರೆಯಾಗಿ ಕೆಲಸ ಮಾಡೋ ಭಾಗಗಳು) ಮಾಡಿ ಪುಟಗಟ್ಟಲೆ ಬರ್ದಿದೀರಿ. ಭಾಷೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಓದಿ ಮುಗಿಸಿದೋನಿಗೆ ಕೋರ್ ಬಗ್ಗೆ ಏನೂ ಗೊತ್ತಾಗಿರಲ್ಲ, ಜೋಗ ಹೆಂಗೂ ಮೊದ್ಲೇ ಗೊತ್ತಿರುತ್ತೆ. ನಮ್ಮ ಓದುಗರಲ್ಲಿ ಅರ್ಧ ಜನ ಸಾಗರ ತೀರ್ಥಹಳ್ಳಿ ಕಡೆಯವ್ರು ಮಾರಾಯ್ರೆ, ಅವ್ರಿಗೆ ಜೋಗ ವರ್ಣನೆ ಮಾಡಿ ಎಂತ ಮಾಡ್ತೀರಿ? ಆಗುಂಬೆ ಮಳೆ, ಕೂಡ್ಲಿ ಸಂಗಮ ಎರಡನ್ನೂ ಹಂಗೇ ತೆಗೀರಿ. ಅಡಿಕೆ ಮಂಡಿ ಹೋಲಿಕೆ ಒಂದು ಇರ್ಲಿ. ಅದನ್ನೂ ಅರ್ಧಕ್ಕೇ ನಿಲ್ಸಿದೀರಿ, ಮುಂದೆ ಹೇಳ್ತೀನಿ.

ನಿಮ್ಮ ಲೇಖನದ ಅಸಲಿ ಸರಕು ಇರೋದು ಕೊನೇ ಪುಟದಲ್ಲಿ, ‘ಅಂದಹಾಗೆ’ ಅಂತ ಶುರುವಾಗೋ ಪ್ಯಾರಾದಲ್ಲಿ. ಮಾವನ ಮನೆ ಅಡಿಕೆ ಸುಲಿಯೋ ಮಷಿನ್‌ನ ಬೇರಿಂಗ್ ಹೋಗೋ ಮುಂಚೆನೇ ಗೊತ್ತಾಗ್ಲಿ ಅಂತ ಮೋಟರ್ ಪಕ್ಕ ಒಂದು ವೈಬ್ರೇಶನ್ ಸೆನ್ಸರ್ ಕೂರ್ಸಿ, ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ನೀವೇ ಡ್ರೈವರ್ (ಸೆನ್ಸರ್ ನಡೆಸೋ ಕರ್ನಲ್ ಕೋಡ್) ಬರ್ದಿದೀರಿ. ಸೆಕೆಂಡಿಗೆ 1600 ರೀಡಿಂಗ್. ಒಂದು ಕೋರ್‌ನಲ್ಲಿ ಇಂಟರಪ್ಟ್ ಹ್ಯಾಂಡ್ಲರ್ (ಸೆನ್ಸರ್ ಕರೆದಾಗ ಓಡೋ ಕೋಡ್) 64 ಸ್ಲಾಟ್‌ನ ರಿಂಗ್ ಬಫರ್‌ಗೆ (ತುಂಬಿದ್ಮೇಲೆ ಮತ್ತೆ ಮೊದಲ ಸ್ಲಾಟ್‌ಗೆ ಸುತ್ತಿ ಬರೋ ಸಾಲು) ರೀಡಿಂಗ್ ಹಾಕ್ತಾ ಹೋಗುತ್ತೆ, ಇನ್ನೊಂದು ಕೋರ್‌ನಲ್ಲಿ ಒಂದು ಕರ್ನಲ್ ಥ್ರೆಡ್ (ಕರ್ನಲ್ ಒಳಗೆ ತನ್ನ ಪಾಡಿಗೆ ಓಡೋ ಕೆಲಸ) ತಿರುಗ್ತಾ ತಿರುಗ್ತಾ ಹೆಡ್ (ಎಲ್ಲಿ ತನಕ ತುಂಬಿದೆ ಅನ್ನೋ ಗುರುತು) ಮುಂದೆ ಹೋಯ್ತಾ ಅಂತ ನೋಡಿ ಎತ್ಕೊಳ್ಳುತ್ತೆ. ಆಗಾಗ ಒಂದು ತಪ್ಪು ರೀಡಿಂಗ್ ಬರ್ತಿತ್ತು. ನೀವು ಲಾಗ್ ತೆಗ್ದು ನೋಡಿದ್ರೆ ಆ ತಪ್ಪು ನಂಬರ್ ಎಲ್ಲಿಂದಲೋ ಬಂದ ಕಸ ಅಲ್ಲ, ಸರಿಯಾಗಿ 64 ರೀಡಿಂಗ್ ಹಿಂದೆ ಬಂದಿದ್ದ ನಂಬರೇ.

ಇದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ಬಿಟ್ರಲ್ಲ! ಇಡೀ ಲೇಖನ ಇದೇ ಅಲ್ವಾ. ಹೆಡ್ ಮುಂದೆ ಹೋಗಿದ್ದು ಥ್ರೆಡ್‌ಗೆ ಕಾಣ್ತು, ಆದ್ರೆ ಅದ್ರ ಕೈಗೆ ಸಿಕ್ಕಿದ್ದು ಆ ಸ್ಲಾಟ್‌ನಲ್ಲಿ ಹಿಂದಿನ ಸುತ್ತಿಂದ ಉಳಿದಿದ್ದ ಹಳೇ ರೀಡಿಂಗ್. ಕೋಡ್‌ನಲ್ಲಿ ಮೊದ್ಲು ಸ್ಲಾಟ್ ತುಂಬಿ ಆಮೇಲೇ ಹೆಡ್ ಸರ್ಸಿದೀರಿ, ಸಾಲುಗಳು ಸರಿಯಾಗೇ ಇವೆ, ಆದ್ರೂ ಇನ್ನೊಂದು ಕೋರ್ ಕಣ್ಣಿಗೆ ಅದು ಆ ಆರ್ಡರ್‌ನಲ್ಲಿ ಕಾಣ್ಲಿಲ್ಲ. ಓದೋನು ‘ಅಯ್ಯೋ ಹೆಂಗೆ ಸಾಧ್ಯ’ ಅಂತ ಕೂತಲ್ಲೇ ಎದ್ದು ಕೂರೋ ಜಾಗ ಅದು. ಲೇಖನ ಇಲ್ಲಿಂದ ಶುರು ಮಾಡಿ. ಲಾಗ್‌ನ ಹತ್ತು ಸಾಲು ಹಾಕಿ, ಅದ್ರಲ್ಲಿ ಆ ನಂಬರ್ ಎರಡು ಕಡೆ ಇರೋದನ್ನ ತೋರ್ಸಿ, ಆಮೇಲೆ ಎರಡೂ ಕೋರ್‌ನ ಕೋಡ್ ಅಕ್ಕಪಕ್ಕ ಇಡಿ, ಎರಡೆರಡೇ ಸಾಲು, ಅದಕ್ಕಿಂತ ಜಾಸ್ತಿ ಬೇಡ.

ಈಗ ಮಂಡಿಗೆ ಬರೋಣ. ಮೂಟೆ ಅಂದ್ರೆ ರೀಡಿಂಗ್, ಚೀಟಿ ಅಂದ್ರೆ ಹೆಡ್, ಗುಮಾಸ್ತ ಅಂದ್ರೆ ಓದೋ ಥ್ರೆಡ್. ಮೂಟೆ ಗೋಡೌನ್‌ಗೆ ಇಳಿದ ಮೇಲೇ ಚೀಟಿ ಆಫೀಸಿಗೆ ಹೋಗ್ಬೇಕು, ಮೂಟೆ ಇನ್ನೂ ಲಾರಿಲಿದ್ದಾಗ್ಲೇ ಚೀಟಿ ಹೋದ್ರೆ ಗುಮಾಸ್ತ ಬಂದು ಅಲ್ಲಿದ್ದ ಹಳೇ ಮೂಟೆ ತೂಗಿ ಲೆಕ್ಕ ಬರೀತಾನೆ, ರೈಟ್ ಬ್ಯಾರಿಯರ್ ಹಾಕೋದು ಅದು ಆಗ್ಬಾರ್ದು ಅಂತ. ಇದು ನೀವು ಬರ್ದಿದ್ದು, ಸರಿ ಇದೆ. ಆದ್ರೆ ಗುಮಾಸ್ತನ ಕಡೆ ನೋಡೇ ಇಲ್ವಲ್ಲ ನೀವು. ಅವನು ಆತುರಗಾರ, ಚೀಟಿ ಹೆಂಗೂ ಬರುತ್ತೆ ಅಂತ ಮೊದ್ಲೇ ಗೋಡೌನ್‌ಗೆ ಹೋಗಿ ತೂಕ ಬರ್ಕೊಂಡು ಬಂದು, ಆಮೇಲೆ ಮೇಜಿನ ಮೇಲೆ ಚೀಟಿ ನೋಡಿ ‘ಹಾಂ, ಬಂದಿದೆ, ನಾನು ಬರ್ಕೊಂಡಿದ್ದು ಇದೇ’ ಅಂದ್ಬಿಟ್ರೆ? ಮೂಟೆ ತಂದೋನು ಎಷ್ಟೇ ನಿಯತ್ತಾಗಿ ಆರ್ಡರ್ ಪಾಲಿಸಿದ್ರೂ ಲೆಕ್ಕ ತಪ್ಪೇ.

ಪೈ 4ರಲ್ಲಿರೋ ಕಾರ್ಟೆಕ್ಸ್ ಎ72 ಪ್ರೊಸೆಸರ್ ಮಾಡೋದು ಇದನ್ನೇ. ‘ಹೆಡ್ ಮುಂದೆ ಹೋಗಿದ್ರೆ ಮಾತ್ರ ಸ್ಲಾಟ್ ಓದು’ ಅಂತ ನೀವು ಇಫ್ ಹಾಕಿದೀರಿ, ನಿಮ್ಮ ತಲೇಲಿ ಅದೇ ಕಾವಲು. ಆದ್ರೆ ಪ್ರೊಸೆಸರ್ ಆ ಇಫ್ ಯಾವ ಕಡೆ ಹೋಗುತ್ತೆ ಅಂತ ಊಹೆ ಮಾಡಿ, ಹೆಡ್ ಇನ್ನೂ ಕೈಗೆ ಸಿಗೋ ಮುಂಚೆನೇ ಸ್ಲಾಟ್ ಓದಿಟ್ಕೊಂಡಿರಬಹುದು, ಊಹೆ ನಿಜ ಆದ್ರೆ ಓದಿಟ್ಟಿದ್ದನ್ನೇ ಬಳಸುತ್ತೆ. ಇಫ್ ಇದ್ದ ಮಾತ್ರಕ್ಕೆ ಎರಡು ರೀಡ್‌ಗಳ ಆರ್ಡರ್ ಉಳಿಯಲ್ಲ. ಅದಕ್ಕೇ ಕರ್ನಲ್ ಡಾಕ್ಯುಮೆಂಟೇಶನ್‌ನಲ್ಲಿ ಬ್ಯಾರಿಯರ್ ಅಂದ್ರೆ ಜೋಡಿ ಅಂತ ಒತ್ತಿ ಒತ್ತಿ ಹೇಳೋದು: ಬರೆಯೋ ಕಡೆ ರೈಟ್ ಬ್ಯಾರಿಯರ್ ಇದ್ರೆ ಓದೋ ಕಡೆ ರೀಡ್ ಬ್ಯಾರಿಯರ್, ಅಥವಾ ಈ ಕಡೆ ಸ್ಟೋರ್ ರಿಲೀಸ್ (ಹಿಂದಿನದೆಲ್ಲ ಮುಗಿದ್ಮೇಲೇ ಇದನ್ನ ಬರೆಯೋದು) ಆದ್ರೆ ಆ ಕಡೆ ಲೋಡ್ ಅಕ್ವೈರ್ (ಇದನ್ನ ಓದಿದ್ಮೇಲೇ ಮುಂದಿನದೆಲ್ಲ). ನೀವು ಒಂದೇ ಕಡೆ ಹಾಕಿದ್ರಿ, ತಪ್ಪು ಕಮ್ಮಿ ಆಯ್ತು, ನಿಲ್ಲಲಿಲ್ಲ. ಆಮೇಲೆ ಥ್ರೆಡ್‌ನಲ್ಲಿ ಇಫ್ ಆದ್ಮೇಲೆ ಒಂದು ಯುಡಿಲೇ (ಕೆಲವು ಮೈಕ್ರೋಸೆಕೆಂಡ್ ಸುಮ್ನೆ ಕಾಯ್ಸೋ ಫಂಕ್ಷನ್) ತುರುಕಿದ್ರಿ, ನಿಲ್ತು. ‘ಬ್ಯಾರಿಯರ್ ಜೊತೆ ಸ್ವಲ್ಪ ಡಿಲೇನೂ ಇರ್ಬೇಕು’ ಅಂತ ತೀರ್ಮಾನ ಬರ್ದ್ರಿ. ಈ ಸಾಲನ್ನ ನಾನು ಸತ್ರೂ ಪ್ರಿಂಟ್ ಮಾಡಲ್ಲ. ಡಿಲೇ ಹಾಕಿದ್ದಕ್ಕೆ ಕಾಯಿಲೆ ವಾಸಿ ಆಗಿಲ್ಲ, ಕಾಣೋದು ನಿಂತಿದೆ ಅಷ್ಟೆ. ನಾಳೆ ಬೇರೆ ಬೋರ್ಡ್, ಬೇರೆ ಕಂಪೈಲರ್ (ಕೋಡನ್ನ ಮಷಿನ್ ಭಾಷೆಗೆ ತಿರುಗ್ಸೋ ಪ್ರೋಗ್ರಾಂ) ಹಾಕಿದ ದಿನ ಮತ್ತೆ ಎದ್ದು ಬರುತ್ತೆ. ಇನ್ನೊಂದು, ಟೈಲ್ (ಎಲ್ಲಿ ತನಕ ಓದಿ ಆಯ್ತು ಅನ್ನೋ ಗುರುತು) ಕಡೆನೂ ಇದೇ ಕಥೆ: ಥ್ರೆಡ್ ಸ್ಲಾಟ್ ಓದಿ ಮುಗಿಸೋ ಮುಂಚೆ ಟೈಲ್ ಸರಿದಿದ್ದು ಹ್ಯಾಂಡ್ಲರ್‌ಗೆ ಕಂಡ್ರೆ ಅದು ಓದ್ತಿರೋ ಸ್ಲಾಟ್ ಮೇಲೇ ಹೊಸದು ಬರ್ದ್ಬಿಡುತ್ತೆ. ಅಲ್ಲೂ ಜೋಡಿ ಬೇಕು, ನಿಮ್ಮ ಕೋಡ್‌ನಲ್ಲಿ ಅಲ್ಲಿ ಏನೂ ಇಲ್ಲ.

‘ಬ್ಯಾರಿಯರ್ ಅಂದ್ರೆ ಕ್ಯಾಶೆಯಲ್ಲಿರೋದನ್ನೆಲ್ಲ ರ್‍ಯಾಮ್‌ಗೆ ತಳ್ಳೋದು’ ಅಂತ ಮೂರ್ನಾಲ್ಕು ಕಡೆ ಬರ್ದಿದೀರಿ (ಕ್ಯಾಶೆ ಅಂದ್ರೆ ಕೋರ್ ಪಕ್ಕದ ಚಿಕ್ಕ, ವೇಗದ ಮೆಮೊರಿ). ಬಹಳ ಜನ ಹಂಗೇ ಅನ್ಕೊಂಡಿದಾರೆ, ಅದಕ್ಕೇ ಲೇಖನದಲ್ಲಿ ಸರಿ ಹೋಗ್ಬೇಕು. ಕೋರ್‌ಗಳ ಕ್ಯಾಶೆಗಳು ತಮ್ಮತಮ್ಮಲ್ಲೇ ಮಾತಾಡ್ಕೊಂಡು ಒಂದೇ ಲೆಕ್ಕ ಇಟ್ಕೊಂಡಿರ್ತವೆ, ರ್‍ಯಾಮ್ ತನಕ ಹೋಗೋ ಅಗತ್ಯನೇ ಇಲ್ಲ. ತೊಂದರೆ ಆಗೋದು ಕ್ಯಾಶೆಗೆ ಸೇರೋಕೂ ಮುಂಚೆ, ಕೋರ್ ಒಳಗಿನ ಸ್ಟೋರ್ ಬಫರ್‌ನಲ್ಲಿ ಬರಹಗಳು ಕಾಯ್ತಾ ಕೂತಿರುವಾಗ, ಮತ್ತೆ ಓದೋದು ಹಿಂದೆ ಮುಂದೆ ಆದಾಗ. ಬ್ಯಾರಿಯರ್ ಯಾವುದನ್ನೂ ‘ಬೇಗ’ ಮಾಡಲ್ಲ, ‘ಇದಾದ್ಮೇಲೇ ಅದು’ ಅಂತ ಮಾತ್ರ ಹೇಳುತ್ತೆ.

ಇನ್ನು ಇಂಟೆಲ್ ವಿಷ್ಯ. ಅದೇ ರಿಂಗ್ ಬಫರನ್ನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಇಡೀ ಓಡ್ಸಿ ಒಂದೂ ತಪ್ಪು ಬರ್ಲಿಲ್ಲ, ಆದ್ದರಿಂದ ಇಂಟೆಲ್‌ನಲ್ಲಿ ಬ್ಯಾರಿಯರ್ ಬೇಡ ಅಂದಿದೀರಿ. ರಾತ್ರಿ ಏನು, ವರ್ಷ ಓಡ್ಸಿದ್ರೂ ಬರಲ್ಲ, ಯಾಕಂದ್ರೆ ಎಕ್ಸ್86ನಲ್ಲಿ (ಇಂಟೆಲ್ ಥರದ ಪ್ರೊಸೆಸರ್‌ಗಳಲ್ಲಿ) ಸಾಮಾನ್ಯ ಮೆಮೊರಿಗೆ ರೈಟ್ ಆದ್ಮೇಲೆ ರೈಟ್, ರೀಡ್ ಆದ್ಮೇಲೆ ರೀಡ್ ಅದೇ ಆರ್ಡರ್‌ನಲ್ಲೇ ಕಾಣುತ್ತೆ, ನಿಮ್ಮ ಟೆಸ್ಟ್‌ಗೆ ಬೇಕಾಗಿದ್ದು ಅವೆರಡೇ (ಕಂಪೈಲರ್ ತಾನೇ ಸಾಲು ಅದಲು ಬದಲು ಮಾಡಿದ್ರೆ ಅಲ್ಲೂ ಗತಿ ಇಲ್ಲ, ಅದು ಬೇರೆ). ಆದ್ರೆ ಒಂದು ಜಾಗಕ್ಕೆ ಬರ್ದು ತಕ್ಷಣ ಇನ್ನೊಂದು ಜಾಗ ಓದಿದ್ರೆ ಇಂಟೆಲ್ಲೂ ಅದಲು ಬದಲು ಮಾಡುತ್ತೆ. ಓದುಗರು ಮನೇಲೇ ಮಾಡಿ ನೋಡೋ ಪ್ರಯೋಗ ಕೊಡಿ: ಎ, ಬಿ ಎರಡೂ ಸೊನ್ನೆ, ಒಂದು ಥ್ರೆಡ್ ಎಗೆ 1 ಹಾಕಿ ಬಿ ಓದ್ಲಿ, ಇನ್ನೊಂದು ಬಿಗೆ 1 ಹಾಕಿ ಎ ಓದ್ಲಿ, ಲಕ್ಷಗಟ್ಟಲೆ ಸಲ ತಿರುಗ್ಸಿ. ಇಬ್ಬರ ಕೈಗೂ ಸೊನ್ನೆ ಬರೋದು ಆಗಾಗ ಕಣ್ಣಿಗೇ ಕಾಣುತ್ತೆ. ನಮ್ಮ ಹುಡುಗ್ರ ಹತ್ರ ಪೈ ಇರಲ್ಲ, ಲ್ಯಾಪ್‌ಟಾಪ್ ಇರುತ್ತೆ.

ಇದು ಬರೀ ಆಟ ಅಲ್ಲ, ಕರ್ನಲ್‌ನಲ್ಲಿ ಥ್ರೆಡ್ ಮಲಗ್ಸೋದು ಎಬ್ಬಿಸೋದು ನಿಂತಿರೋದೇ ಇದ್ರ ಮೇಲೆ. ಮಲಗೋ ಥ್ರೆಡ್ ‘ನಾನು ಮಲಗ್ತಿದೀನಿ’ ಅಂತ ಬರ್ದು ಆಮೇಲೆ ಕೆಲಸ ಬಂದಿದ್ಯಾ ಅಂತ ಓದುತ್ತೆ, ಎಬ್ಬಿಸೋದು ‘ಕೆಲಸ ಬಂತು’ ಅಂತ ಬರ್ದು ಆಮೇಲೆ ಅವನು ಮಲಗಿದಾನಾ ಅಂತ ಓದುತ್ತೆ. ಇಬ್ಬರೂ ಹಳೇದನ್ನೇ ಓದಿದ್ರೆ ಕೆಲಸ ಬಂದಿದ್ರೂ ಇವನು ಮಲಗೇ ಇರ್ತಾನೆ, ಎಬ್ಬಿಸೋರಿಲ್ಲ. ಅದಕ್ಕೇ ಥ್ರೆಡ್‌ನ ಸ್ಥಿತಿ ಬರೆಯೋ ಸೆಟ್ ಕರೆಂಟ್ ಸ್ಟೇಟ್ ಒಳಗೆ ಫುಲ್ ಬ್ಯಾರಿಯರ್ (ಓದು ಬರಹ ಎರಡಕ್ಕೂ ತಡೆ) ಇಟ್ಟಿರೋದು, ಇಂಟೆಲ್‌ಗೂ ಸೇರಿಸಿ. ನಿಮ್ಮ ಥ್ರೆಡ್ ಈಗ ಸುಮ್ನೆ ತಿರುಗ್ತಾ ಒಂದು ಕೋರ್ ಪೂರ್ತಿ ತಿಂತಿದೆ, ಅದನ್ನ ಮಲಗ್ಸೋದಾದ್ರೆ ಕೈಯಾರೆ ಬರೀಬೇಡಿ, ಅದಕ್ಕೇ ಕರ್ನಲ್‌ನಲ್ಲಿರೋ ವೇಟ್ ಈವೆಂಟ್ ಬಳಸಿ.

ಸಣ್ಣಪುಟ್ಟದು. ಬಿಗ್ ಕರ್ನಲ್ ಲಾಕ್ (ಇಡೀ ಕರ್ನಲ್‌ಗೆ ಒಂದೇ ಬೀಗ) ಈಗಲೂ ಇದೆ ಅಂತ ಬರ್ದಿದೀರಿ, ಇಲ್ಲ, 1996ರ ಲಿನಕ್ಸ್ 2.0ನಲ್ಲಿ ಬಂದಿದ್ದು 2011ರಲ್ಲಿ 2.6.39ಕ್ಕೆ ಪೂರ್ತಿ ಹೋಯ್ತು. ಹೆಡ್‌ಗೆ ಸಿ ಭಾಷೆಯ ವೊಲಟೈಲ್ ಅನ್ನೋ ಪದ ಹಾಕಿದ್ದೇ ಸಾಕು ಅಂದಿದೀರಿ, ಅದು ಕಂಪೈಲರ್‌ಗೆ ಮಾತ್ರ ಕೇಳ್ಸುತ್ತೆ, ಪ್ರೊಸೆಸರ್‌ಗಲ್ಲ, ಕರ್ನಲ್‌ನಲ್ಲಂತೂ ವೊಲಟೈಲ್ ಬಳಸಬೇಡಿ ಅಂತ ಹೇಳಕ್ಕೇ ಬೇರೆ ಡಾಕ್ಯುಮೆಂಟ್ ಇದೆ. ಅದ್ರ ಬದಲು ಕರ್ನಲ್‌ನದೇ ರೀಡ್ ಒನ್ಸ್, ರೈಟ್ ಒನ್ಸ್ ಬಳಸಿ.

ಮತ್ತೆ ಒಂದು ಮಾತು ಲೇಖನದ ಮಧ್ಯದಲ್ಲೆಲ್ಲಾದ್ರೂ ಬರ್ಲೇಬೇಕು: ಸಾಮಾನ್ಯ ಡ್ರೈವರ್ ಬರೆಯೋನಿಗೆ ಇದ್ಯಾವುದೂ ಬೇಕಾಗಲ್ಲ. ಸ್ಪಿನ್‌ಲಾಕ್ (ಒಬ್ಬರೇ ಒಳಗೆ ಹೋಗೋ ಬೀಗ, ಉಳಿದೋರು ತಿರುಗ್ತಾ ಕಾಯ್ತಾರೆ) ಹಾಕಿದ್ರೆ ಹಿಡಿಯೋವಾಗ ಅಕ್ವೈರ್, ಬಿಡೋವಾಗ ರಿಲೀಸ್ ಅದ್ರ ಒಳಗೇ ಇದೆ. ಇಂಟರಪ್ಟ್ ಜೊತೆ ಹಂಚ್ಕೊಳ್ಳೋ ಲಾಕ್ ಆದ್ರೆ ಥ್ರೆಡ್ ಕಡೆ ಐಆರ್‌ಕ್ಯೂ ಸೇವ್ (ಆ ಕೋರ್‌ನ ಇಂಟರಪ್ಟ್ ತಡೆಹಿಡಿಯೋದು) ಇರೋದನ್ನೇ ಹಾಕ್ಬೇಕು, ಇಲ್ಲಾಂದ್ರೆ ಥ್ರೆಡ್ ಲಾಕ್ ಹಿಡ್ಕೊಂಡಿರುವಾಗ ಅದೇ ಕೋರ್‌ಗೆ ಇಂಟರಪ್ಟ್ ಬಂದು, ಹ್ಯಾಂಡ್ಲರ್ ಅದೇ ಲಾಕ್‌ಗೆ ಕಾಯ್ತಾ ನಿಂತು ಸಿಸ್ಟಮ್ಮೇ ಜಾಮ್. ಒಬ್ಬ ಹಾಕೋನು ಒಬ್ಬ ತೆಗೆಯೋನು ಅಷ್ಟೇ ಇದ್ರೆ ಕರ್ನಲ್‌ನದೇ ರಿಂಗ್ ಬಫರ್ ಕೆಫಿಫೋ ರೆಡಿ ಇದೆ, ಲಾಕೂ ಬೇಡ, ಬ್ಯಾರಿಯರ್ ಎಲ್ಲ ಅದ್ರ ಒಳಗೇ ಹಾಕಿಟ್ಟಿದಾರೆ. ‘ನಾನು ಕೆಫಿಫೋ ಬಳಸ್ಬಹುದಿತ್ತು, ಕಲಿಯಕ್ಕೆ ಕೈಯಾರೆ ಬರ್ದೆ’ ಅಂತ ಓದುಗನಿಗೆ ಹೇಳ್ಬಿಡಿ, ಮರ್ಯಾದೆ ಏನೂ ಹೋಗಲ್ಲ. ಈಗ ನಿಮ್ಮ ಲೇಖನ ಓದಿದ ಹುಡುಗ ಕಂಡಕಂಡಲ್ಲಿ ಬ್ಯಾರಿಯರ್ ಹಾಕ್ಕೊಂಡು ಕೂರ್ತಾನೆ, ನನಗಿರೋ ಭಯ ಅದು.

ತಿದ್ದೋ ಮುಂಚೆ ಎರಡು ಕೆಲ್ಸ ಮಾಡಿ. ಕರ್ನಲ್ ಸೋರ್ಸ್‌ನಲ್ಲಿ ಟೂಲ್ಸ್ ಫೋಲ್ಡರ್ ಒಳಗೆ ಮೆಮೊರಿ ಮಾಡೆಲ್ (ಯಾವ ಆರ್ಡರ್ ಆಗಬಹುದು, ಯಾವುದು ಆಗಲ್ಲ ಅನ್ನೋ ನಿಯಮಗಳು) ಅಂತ ಇದೆ, 2018ರಲ್ಲಿ ಲಿನಕ್ಸ್ 4.17ಕ್ಕೆ ಸೇರಿದ್ದು. ನಿಮ್ಮ ನಾಲ್ಕು ಸಾಲನ್ನ ಅಲ್ಲಿನ ಲಿಟ್ಮಸ್ ಟೆಸ್ಟ್ (ಪುಟ್ಟ ಪರೀಕ್ಷಾ ಕೋಡ್) ಥರ ಬರ್ದು, ಆಗಬಹುದಾದ ಆರ್ಡರ್‌ಗಳನ್ನೆಲ್ಲ ಪರೀಕ್ಷಿಸೋ ಹರ್ಡ್7 ಪ್ರೋಗ್ರಾಂಗೆ ಕೊಡಿ (ಅದನ್ನ ಬೇರೆಯಾಗಿ ಹಾಕ್ಕೋಬೇಕು). ಬರೆಯೋ ಕಡೆ ಮಾತ್ರ ಬ್ಯಾರಿಯರ್ ಇದ್ರೆ ಹಳೇ ರೀಡಿಂಗ್ ಸಿಗೋದಕ್ಕೆ ‘ಸಮ್‌ಟೈಮ್ಸ್’ ಅನ್ನುತ್ತೆ, ಎರಡೂ ಕಡೆ ಇದ್ರೆ ‘ನೆವರ್’. ಆ ಎರಡು ಔಟ್‌ಪುಟ್ ಲೇಖನದಲ್ಲಿ ಹಾಕಿ, ನಿಮ್ಮ ನನ್ನ ಮಾತಿಗಿಂತ ಅದು ಗಟ್ಟಿ. ಎರಡನೇದು, ಯುಡಿಲೇ ತೆಗ್ದು, ಓದೋ ಕಡೆ ಅಕ್ವೈರ್ ಬರೆಯೋ ಕಡೆ ರಿಲೀಸ್ ಹಾಕಿ, ಹೆಡ್ ಟೈಲ್ ಎರಡಕ್ಕೂ, ಸುಲಿಯೋ ಮಷಿನ್ ಓಡ್ತಿರೋವಾಗ್ಲೇ ಮತ್ತೆ ಲಾಗ್ ತೆಗೀರಿ. ಲಾಗ್ ಫೋಟೋ ಹೊಡ್ದು ಕಳಿಸ್ಬೇಡಿ, ಟೆಕ್ಸ್ಟ್ ಫೈಲ್ ಕಳಿಸಿ. ಅದ್ರಲ್ಲಿ 64 ಹಿಂದಿನ ನಂಬರ್ ಇನ್ನೂ ಕಾಣಿಸ್ಕೊಂಡ್ರೆ ತಪ್ಪು ಬೇರೆ ಎಲ್ಲೋ ಇದೆ ಅಂತ ಅರ್ಥ, ಆಗ ಲೇಖನ ತಿದ್ದಕ್ಕೆ ಕೂರ್ಬೇಡಿ, ಮೊದ್ಲು ಡ್ರೈವರ್ ಕಳಿಸಿ, ನೋಡೋಣ.