ಬೆಳಿಗ್ಗೆ ಗಂಟಲಿಳಿಯದ ತುತ್ತು: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಗುರುತು ಸಿಗದಿರಲೆಂದು ವಯಸ್ಸು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆಯಿದೆ.)

ಮೂವತ್ತರ ಆಸುಪಾಸಿನ ಈ ಮಹಿಳೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗಿ. ಅವರು ಆಪ್ತಸಲಹೆಗೆ ಬಂದದ್ದು ಊಟ-ತಿಂಡಿಯ ವಿಚಾರ ಹೇಳಿಕೊಳ್ಳಲು ಅಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಕೈ ಸಣ್ಣಗೆ ನಡುಗುತ್ತದೆ, ತಲೆ ಹಗುರಾದಂತಾಗುತ್ತದೆ, ಆ ಹೊತ್ತಿನಲ್ಲಿ ಸಹೋದ್ಯೋಗಿಗಳು ಏನು ಕೇಳಿದರೂ ಸಿಡುಕುವಂತಾಗಿ ಆಮೇಲೆ ತಾವೇ ನೊಂದುಕೊಳ್ಳುತ್ತಾರೆ ಎಂಬುದು ಅವರ ದೂರಾಗಿತ್ತು. ದಿನಚರಿಯನ್ನು ವಿಚಾರಿಸುತ್ತಾ ಹೋದಾಗ, ಎಷ್ಟೋ ವರ್ಷಗಳಿಂದ ಕೆಲಸದ ದಿನಗಳಲ್ಲಿ ಅವರು ಬೆಳಗಿನ ತಿಂಡಿಯನ್ನು ನೆಟ್ಟಗೆ ತಿಂದೇ ಇಲ್ಲ ಎಂಬುದು ಹೊರಬಿತ್ತು. "ತಿನ್ನಬೇಕು ಅಂತ ಗೊತ್ತು ಮೇಡಂ, ಆದರೆ ಬಾಯಿಗಿಟ್ಟ ಕೂಡಲೇ ಹೊಟ್ಟೆ ತೊಳಸಿದಂತಾಗುತ್ತದೆ" ಎಂದರು. ಆರೋಗ್ಯಕರ ತಿಂಡಿಗಳ ಪಟ್ಟಿಗಳು ಅವರ ಮೊಬೈಲಿನಲ್ಲಿ ಬೇಕಾದಷ್ಟು ಇದ್ದವು. ಇನ್ನೊಂದನ್ನು ನಾನು ಬರೆದುಕೊಡುವುದರಲ್ಲಿ ಅರ್ಥವಿರಲಿಲ್ಲ.

ಬೆಳಗಿನ ವಾಕರಿಕೆಗೆ ದೈಹಿಕ ಕಾರಣಗಳೂ ಇರಬಹುದಾದ್ದರಿಂದ ಮೊದಲು ವೈದ್ಯರನ್ನು ಕಾಣಲು ತಿಳಿಸಿದೆ. ಆಮ್ಲೀಯತೆ, ಗರ್ಭಧಾರಣೆ, ರಕ್ತಹೀನತೆ, ಥೈರಾಯ್ಡ್, ಸಕ್ಕರೆಯ ಪ್ರಮಾಣ ಇವೆಲ್ಲವನ್ನೂ ವೈದ್ಯರು ಪರಿಶೀಲಿಸಿ, ಚಿಕಿತ್ಸೆ ಬೇಕಾದದ್ದು ಏನೂ ಇಲ್ಲವೆಂದರು. ಊಟ ಬಿಡುವುದರ ಹಿಂದೆ ದಪ್ಪಗಾಗುವ ಭಯವಿದೆಯೇ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಾರೆಯೇ, ಈಚೆಗೆ ತೂಕ ಇಳಿದಿದೆಯೇ, ಆಹಾರದ ಯೋಚನೆಯೇ ದಿನವನ್ನೆಲ್ಲ ಆವರಿಸಿದೆಯೇ ಎಂಬ ಪ್ರಶ್ನೆಗಳನ್ನು ನಾನು ಕೇಳಿದೆ. ಇವಕ್ಕೆ ಹೌದೆಂಬ ಉತ್ತರ ಬಂದಿದ್ದರೆ ಮುಂದಿನ ದಾರಿಯೇ ಬೇರೆಯಾಗುತ್ತಿತ್ತು, ಏಕೆಂದರೆ ಆಹಾರಸೇವನೆಯ ಕಾಯಿಲೆಗಳಿಗೆ ತಿಂಡಿಯ ಸಲಹೆ ಸಾಲದು, ತಜ್ಞರ ಚಿಕಿತ್ಸೆ ಬೇಕು. ಇವರ ಉತ್ತರಗಳಲ್ಲಿ ಅಂತಹ ಸುಳಿವು ಇರಲಿಲ್ಲ.

ಅನಂತರ ಒಂದು ವಾರ ಏನನ್ನೂ ಬದಲಿಸದೆ, ತಿಂದದ್ದನ್ನು, ತಿಂದ ಹೊತ್ತನ್ನು, ಆಗ ಎಲ್ಲಿದ್ದರು ಎಂಬುದನ್ನು ಮಾತ್ರ ಬರೆದಿಡಲು ಕೇಳಿಕೊಂಡೆ. ಲೆಕ್ಕ ಬರೆಯುವ ಕೈ ತಾನೇ, ನಮೂದುಗಳು ಬಹಳ ಅಚ್ಚುಕಟ್ಟಾಗಿದ್ದವು. ಒಂದು ಮಂಗಳವಾರದ ಪುಟದಲ್ಲಿ ಹೀಗಿತ್ತು: "7.10: ಬ್ರೆಡ್ ಒಂದು ತುಂಡು, ಸಿಂಕಿನ ಪಕ್ಕ ನಿಂತುಕೊಂಡು. ಇನ್ನೊಂದು ಕೈಯಲ್ಲಿ ಫೋನು, ಆಫೀಸಿನ ಮೆಸೇಜು. ಅಗಿದೆ, ನುಂಗಲಾಗಲಿಲ್ಲ, ನೀರು ಕುಡಿದು ಇಳಿಸಿದೆ. ಉಳಿದದ್ದು ಕಸದ ಬುಟ್ಟಿಗೆ. 7.20: ಕಾಫಿ. 10.00: ಕಾಫಿ, ಸ್ಟ್ರಾಂಗ್." ಅದೇ ಪುಟದ ಕೊನೆಯಲ್ಲಿ, "ರಾತ್ರಿ 10.40: ಊಟ. 11.30: ಬಿಸ್ಕತ್ತು, ಚಿಪ್ಸ್." ಭಾನುವಾರದ ನಮೂದು ಮಾತ್ರ ಬೇರೆಯೇ ಇತ್ತು: "9.30: ಹಸಿವಾಯಿತು. ಮೊಟ್ಟೆ ಎರಡು, ಬ್ರೆಡ್ಡು, ಬಾಳೆಹಣ್ಣು. ಏನೂ ಆಗಲಿಲ್ಲ." ವಾಕರಿಕೆ ತಿಂಡಿಯದ್ದಲ್ಲ, ಆ ಹೊತ್ತಿನದು ಮತ್ತು ಆ ಹೊತ್ತಿನ ಮನಃಸ್ಥಿತಿಯದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

ಸಂಜೆಯ ನಂತರ ಹೆಚ್ಚು ತಿನ್ನುವುದು, ನಿದ್ದೆಗೇಡು ಮತ್ತು ಬೆಳಿಗ್ಗೆ ಹಸಿವಿಲ್ಲದಿರುವುದು ಒಟ್ಟಾಗಿ ಬರುವ ಸ್ಥಿತಿಯೊಂದನ್ನು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ 1955ರಲ್ಲಿಯೇ ವಿವರಿಸಿದ್ದರು. ನಡುರಾತ್ರಿ ಎದ್ದು ತಿನ್ನದಿದ್ದರೆ ನಿದ್ದೆ ಬಾರದೆಂಬ ಮಟ್ಟ ಇವರದಾಗಿರಲಿಲ್ಲ. ಆದರೂ ಬೆಳಗಿನ ತೊಡಕಿನ ಒಂದು ತುದಿ ರಾತ್ರಿಯಲ್ಲಿದೆ ಎಂಬುದನ್ನು ಅವರ ಬರಹವೇ ತೋರಿಸುತ್ತಿತ್ತು.

ಇದನ್ನು ಅವರಿಗೆ ವಿವರಿಸುವಾಗ ನಾನು ಶುರುಮಾಡಿದ್ದು ದೇಹದ ಗಡಿಯಾರದಿಂದ. ಹೊಟ್ಟೆ ಎಷ್ಟು ಹೊತ್ತು ಖಾಲಿಯಿತ್ತು ಎಂಬುದೊಂದರಿಂದಲೇ ಹಸಿವು ಹುಟ್ಟುವುದಾದರೆ, ಎಲ್ಲರಿಗೂ ಎದ್ದ ಕೂಡಲೇ ಅತಿ ಹೆಚ್ಚು ಹಸಿವಾಗಬೇಕಿತ್ತು. ಹಾಗಾಗುವುದಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಮಂದಿ ಆರೋಗ್ಯವಂತರನ್ನು ಹಗಲು-ರಾತ್ರಿಯ ಸುಳಿವು ಸಿಗದ ಪ್ರಯೋಗಾಲಯದಲ್ಲಿ ಇರಿಸಿ ನೋಡಿದಾಗ, ದೇಹದ ಗಡಿಯಾರದ ಪ್ರಕಾರ ಬೆಳಿಗ್ಗೆ ಎಂಟರ ಸುಮಾರಿಗೆ ಹಸಿವು ಅತಿ ಕಡಿಮೆಯೂ ರಾತ್ರಿ ಎಂಟರ ಸುಮಾರಿಗೆ ಅತಿ ಹೆಚ್ಚೂ ಇದ್ದದ್ದು ಕಂಡುಬಂತು. ಜೊತೆಗೆ, ಜಠರದಲ್ಲಿ ಉತ್ಪತ್ತಿಯಾಗಿ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ರೂಢಿಯಾದ ಊಟದ ವೇಳೆಗೆ ಮುಂಚೆ ಏರುತ್ತದೆ. ವರ್ಷಗಟ್ಟಲೆ ಏಳು ಗಂಟೆಗೆ ಏನೂ ತಿನ್ನದಿದ್ದವರಲ್ಲಿ ಅದು ಏಳಕ್ಕೆ ಏರಲು ಕಾರಣವಿರುವುದಿಲ್ಲ. ಇದರ ಮೇಲೆ, ಜಿಡ್ಡಿನ ತಿನಿಸು ಹೊಟ್ಟೆಯಿಂದ ಮುಂದೆ ಸಾಗುವುದು ನಿಧಾನವಾದ್ದರಿಂದ, ಮಲಗುವ ಮುಂಚಿನ ಚಿಪ್ಸು ಅವರ ಬೆಳಗನ್ನು ಇನ್ನಷ್ಟು ಭಾರವಾಗಿಸುತ್ತಿತ್ತು.

ಎರಡನೆಯದು ಆತಂಕ. ಎದ್ದ ಮೊದಲ ಅರ್ಧ-ಮುಕ್ಕಾಲು ಗಂಟೆಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಮಟ್ಟ ಸಹಜವಾಗಿಯೇ ಏರುತ್ತದೆ, ಮತ್ತು ಆತಂಕಗೊಂಡ ದೇಹ ಜೀರ್ಣಕ್ರಿಯೆಯನ್ನು ಬದಿಗೊತ್ತುತ್ತದೆ. ಹಲ್ಲುಜ್ಜುವ ಮೊದಲೇ ಕಚೇರಿಯ ಮೆಸೇಜುಗಳನ್ನು ಓದಿ, ಆ ಗಾಬರಿಯಲ್ಲೇ ಸಿಂಕಿನ ಪಕ್ಕ ನಿಂತು ಬ್ರೆಡ್ ಅಗಿದರೆ ಅದು ಗಂಟಲಿಳಿಯದಿರುವುದು ಸೋಜಿಗವಲ್ಲ. ಹನ್ನೊಂದರ ನಡುಕಕ್ಕೆ "ಶುಗರ್ ಇಳಿದದ್ದೇ" ಕಾರಣವೆಂದು ಅವರು ನಂಬಿದ್ದರು. ಆರೋಗ್ಯವಂತರಲ್ಲಿ ಯಕೃತ್ತು ರಕ್ತದ ಸಕ್ಕರೆಯನ್ನು ಸಾಕಷ್ಟು ಹೊತ್ತು ಕಾಪಾಡಿಕೊಳ್ಳುತ್ತದೆ; ಹಸಿದ ಹೊಟ್ಟೆಯ ಮೇಲೆ ಎರಡು ಸಲ ಕುಡಿದ ಕಾಫಿಯ ಪಾಲು ಅದರಲ್ಲಿ ಹೆಚ್ಚೆಂದು ನನಗನಿಸಿತು. ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಹತ್ತರ ಕಾಫಿ ಏಳರ ಕಾಫಿಯ ಮೇಲೆ ಕೂಡಿಕೊಳ್ಳುತ್ತದೆ.

ಮೂರನೆಯದನ್ನು ಅವರು ಕಾಯಿಲೆಯೆಂದು ಎಣಿಸಿರಲೇ ಇಲ್ಲ. ಅದು ಅಪರಾಧಭಾವ. ಬೆಳಗಿನ ತಿಂಡಿಯೇ ದಿನದ ಅತಿ ಮುಖ್ಯ ಆಹಾರ, ಬಿಟ್ಟವರು ಕೆಟ್ಟರು ಎಂಬ ಮಾತನ್ನು ಅವರು ಎಲ್ಲೆಲ್ಲೂ ಕೇಳಿದ್ದರು. ಮನೆಯಲ್ಲಿ ತಾಯಿಯೂ ದಿನಾ ಬಾಗಿಲಲ್ಲಿ ನಿಂತು "ಎರಡು ತುತ್ತಾದರೂ ತಿಂದು ಹೋಗೇ" ಎನ್ನುತ್ತಿದ್ದರು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ವಾರ ತಿಂಡಿ ತಿಂದವರಿಗೂ ಮಧ್ಯಾಹ್ನದವರೆಗೆ ಉಪವಾಸವಿದ್ದವರಿಗೂ ವಿಶ್ರಾಂತ ಸ್ಥಿತಿಯ ಚಯಾಪಚಯದಲ್ಲಿ, ಅಂದರೆ ಸುಮ್ಮನಿದ್ದಾಗ ದೇಹ ಶಕ್ತಿಯನ್ನು ಬಳಸುವ ವೇಗದಲ್ಲಿ, ವ್ಯತ್ಯಾಸ ಕಾಣಲಿಲ್ಲ. ತಿಂದವರು ಬೆಳಗಿನ ಹೊತ್ತು ಹೆಚ್ಚು ಚಟುವಟಿಕೆಯಿಂದಿದ್ದರು. ಇದನ್ನು ಹೇಳಿದ್ದು ತಿಂಡಿ ಬೇಡವೆನ್ನಲು ಅಲ್ಲ, ಬಿಟ್ಟರೆ ಅನಾಹುತ ಎಂಬ ಹೆದರಿಕೆಯನ್ನು ಇಳಿಸಲು. ನಮ್ಮ ಗುರಿ ಏಳು ಗಂಟೆಗೆ ತಟ್ಟೆ ಖಾಲಿ ಮಾಡುವುದಲ್ಲ, ಹನ್ನೊಂದು ಗಂಟೆಗೆ ಅವರು ನೆಮ್ಮದಿಯಾಗಿ ಕೆಲಸ ಮಾಡುವಂತಾಗುವುದು ಎಂದು ಇಬ್ಬರೂ ಒಪ್ಪಿಕೊಂಡೆವು.

ಸಲಹೆ ರಾತ್ರಿಯಿಂದಲೇ ಆರಂಭವಾಯಿತು, ಮತ್ತು ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಊಟವನ್ನು ಎಂಟೂವರೆಯ ಒಳಗೆ ತಾಯಿಯ ಜೊತೆ ಮುಗಿಸಬಹುದೇ ಎಂದು ಕೇಳಿದಾಗ ಅವರು ಮುಖ ಗಂಟಿಕ್ಕಿ, "ಎಲ್ಲರೂ ಮಲಗಿದ ಮೇಲಿನ ಆ ಹೊತ್ತೊಂದೇ ನನ್ನದು ಮೇಡಂ" ಎಂದರು. ಆ ಮಾತಿನಲ್ಲಿ ಚಿಪ್ಸಿಗಿಂತ ದೊಡ್ಡ ವಿಷಯವಿತ್ತು. ದಿನವಿಡೀ ಬೇರೆಯವರ ಕೆಲಸಕ್ಕೆ ಒದಗಿದವರು ರಾತ್ರಿಯ ಒಂದು ಗಂಟೆಯನ್ನು ತಮಗಾಗಿ ಉಳಿಸಿಕೊಂಡು, ಅದಕ್ಕೆ ತಿನಿಸನ್ನು ಜೊತೆಮಾಡಿಕೊಳ್ಳುವುದು ನಾನು ಮತ್ತೆ ಮತ್ತೆ ಕಾಣುವ ಸಂಗತಿ; ಆರೋಗ್ಯದ ಹೆಸರಿನಲ್ಲಿ ಆ ಗಂಟೆಯನ್ನೇ ಕಿತ್ತುಕೊಂಡರೆ ಸಲಹೆ ಎರಡು ದಿನವೂ ನಿಲ್ಲುವುದಿಲ್ಲ. ಆದ್ದರಿಂದ ಆ ಹೊತ್ತು ಹಾಗೆಯೇ ಇರಲಿ, ಧಾರಾವಾಹಿಯೂ ಇರಲಿ, ಊಟ ಮಾತ್ರ ಅದಕ್ಕಿಂತ ಮುಂಚೆ ಮುಗಿಯಲಿ, ಬಾಯಾಡಿಸಲು ಏನಾದರೂ ಬೇಕೇಬೇಕೆನಿಸಿದರೆ ಹಣ್ಣು ಅಥವಾ ಬೆಚ್ಚಗಿನ ಹಾಲು ಇರಲಿ ಎಂದು ನಿರ್ಧರಿಸಿದೆವು.

ಬೆಳಿಗ್ಗೆ ಎದ್ದ ಮೊದಲ ಗಂಟೆಗೆ ನೀರನ್ನುಳಿದು ಏನನ್ನೂ ತಿನ್ನುವ ಹಂಗು ಬೇಡ, ಮನೆ ಬಿಡುವವರೆಗೆ ಕಚೇರಿಯ ಮೆಸೇಜು ತೆರೆಯುವುದು ಬೇಡ ಎಂದೆ. ತಿಂಡಿಯನ್ನು ಎರಡು ಪಾಲು ಮಾಡಿದೆವು. ಮೊದಲ ಪಾಲು ಮನೆ ಬಿಡುವ ಮುನ್ನ, ಕೂತುಕೊಂಡು, ಅಗಿಯುವ ಕೆಲಸ ಆದಷ್ಟು ಕಡಿಮೆಯಿರುವ ತಣ್ಣಗಿನದು: ಬಾಳೆಹಣ್ಣು ಬೆರೆಸಿ ಕಡೆದ ಒಂದು ಲೋಟ ಹಾಲು, ಇಲ್ಲವೇ ರಾತ್ರಿಯೇ ಹಾಲಿನಲ್ಲಿ ನೆನೆಹಾಕಿದ ಓಟ್ಸ್, ಅದೂ ಬೇಡವಾದ ದಿನ ನಾಲ್ಕು ಚಮಚ ಮೊಸರು. ಬಿಸಿ ಪದಾರ್ಥದ ವಾಸನೆ ಹೆಚ್ಚು ಹರಡುವುದರಿಂದ, ವಾಕರಿಕೆ ಇರುವವರಿಗೆ ತಣ್ಣಗಿನದೇ ಸುಲಭ. ಹಣ್ಣಿನ ರಸವೊಂದನ್ನೇ ಕುಡಿಯುವುದನ್ನು ನಾನು ಒಪ್ಪಲಿಲ್ಲ. ನಾರಿಲ್ಲದ ಸಕ್ಕರೆ ಬೇಗ ರಕ್ತ ಸೇರುತ್ತದೆ, ಹಸಿವೂ ಬೇಗ ಮರಳುತ್ತದೆ. ಎರಡನೆಯ ಪಾಲು ಒಂಬತ್ತೂವರೆಗೆ, ಕಚೇರಿಯಲ್ಲಿ, ಡಬ್ಬಿಯಿಂದ: ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಹಣ್ಣು. ಭಾನುವಾರ ಅವರಿಗೆ ತಾನಾಗಿಯೇ ಹಸಿವಾದದ್ದು ಆ ಹೊತ್ತಿಗೇ.

ಪ್ರಮಾಣವನ್ನು ಅವರೇ ಕೇಳಿದರು, ಲೆಕ್ಕದವರಲ್ಲವೇ. ಒಂದು ಲೋಟ ಹಾಲಿನಲ್ಲಿ (ಸುಮಾರು 240 ಮಿ.ಲೀ.) 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಎರಡು ಪಾಲೂ ಸೇರಿ ಸುಮಾರು 20 ಗ್ರಾಂ ಆದರೆ, ಮಧ್ಯಾಹ್ನದವರೆಗೆ ಹೊಟ್ಟೆ ತಡೆಯಲು ಅದು ಸಾಮಾನ್ಯವಾಗಿ ಸಾಕು. ದಿನಕ್ಕೊಂದು ಬಗೆ ಮಾಡಬೇಕೆಂಬ ಹುಮ್ಮಸ್ಸನ್ನು ನಾನು ತಡೆದೆ. ಬೆಳಗಿನ ಊಟ ಕಷ್ಟವಾದವರಿಗೆ "ಇವತ್ತು ಏನು" ಎಂಬ ಪ್ರಶ್ನೆಯೇ ಒಂದು ಹೊರೆ. ವಾರವಿಡೀ ಒಂದೇ ತಿಂಡಿಯಾದರೂ ತಪ್ಪಿಲ್ಲ, ಬೇರೆ ಬೇರೆ ಬಗೆಗೆ ಮಧ್ಯಾಹ್ನ, ರಾತ್ರಿಗಳಿವೆ. ಕಾಫಿಯನ್ನು ಬಿಡಿಸಲಿಲ್ಲ, ಮೊದಲ ಪಾಲಿನ ನಂತರಕ್ಕೆ ಸರಿಸಿ ಹತ್ತರದ್ದನ್ನು ಕೈಬಿಟ್ಟೆವು. ತಾಯಿಯವರನ್ನು ಒಂದು ಭೇಟಿಗೆ ಕರೆಸಿ, ಮಗಳು ತಿನ್ನುತ್ತಾಳೆ, ಒಂಬತ್ತೂವರೆಗೆ ತಿನ್ನುತ್ತಾಳೆ ಎಂದು ವಿವರಿಸಿದೆ. ಬಾಗಿಲಿನ ಒತ್ತಾಯದ ಬದಲು ಡಬ್ಬಿ ತುಂಬಿಡುವ ಕೆಲಸವನ್ನು ಅವರು ಸಂತೋಷದಿಂದಲೇ ವಹಿಸಿಕೊಂಡರು.

ಈ ಏರ್ಪಾಡನ್ನು ಎಲ್ಲರಿಗೂ ಹೇಳಲಾಗದು. ಇನ್ಸುಲಿನ್ ಅಥವಾ ಸಕ್ಕರೆಯ ಮಟ್ಟವನ್ನು ತೀರಾ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರು ತಿಂಡಿಯ ಹೊತ್ತನ್ನು ವೈದ್ಯರನ್ನು ಕೇಳದೆ ಮುಂದೂಡಬಾರದು. ಥೈರಾಯ್ಡ್ ಕೊರತೆಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ನುಂಗಿ, ತಿಂಡಿಗೂ ಕಾಫಿಗೂ ಅರ್ಧದಿಂದ ಒಂದು ಗಂಟೆ ಕಾಯಬೇಕು. ಗಮನಕೊರತೆಗೆ ಉತ್ತೇಜಕ ಔಷಧ ಪಡೆಯುತ್ತಿರುವವರಲ್ಲಿ ಆ ಔಷಧವೇ ಹಸಿವನ್ನು ಅಡಗಿಸುವುದರಿಂದ, ಅದಕ್ಕೆ ಮೊದಲೇ ತಿನ್ನುವುದು ಒಳ್ಳೆಯದು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ನುಂಗಲು ನೋವಾಗುತ್ತಿದ್ದರೆ ಆಪ್ತಸಲಹೆಗೆ ಮುಂಚೆ ವೈದ್ಯರು.

ಮುಂದಿನ ಕೆಲವು ವಾರಗಳಲ್ಲಿ ಮೊದಲು ಕೂಡಿಬಂದದ್ದು ಒಂಬತ್ತೂವರೆಯ ಡಬ್ಬಿ. ರಾತ್ರಿಯ ಊಟ ಹಿಂದಕ್ಕೆ ಸರಿಯಲು ಇನ್ನಷ್ಟು ಸಮಯ ಹಿಡಿಯಿತು. ನಡುಕ ನಿಂತಿತು. ಏಳು ಗಂಟೆಯ ಲೋಟ ಹಾಲು ವಾರದಲ್ಲಿ ಒಂದೆರಡು ದಿನ ಈಗಲೂ ಅರ್ಧಕ್ಕೇ ಉಳಿಯುತ್ತದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಸಿಡುಕು ಕಡಿಮೆಯಾದರೂ ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಹೊಟ್ಟೆ ತುಂಬಿದ್ದಾಗಲೂ ಅದು ಮರಳುತ್ತದೆ. ಆ ದಿನಗಳಲ್ಲಿ ಇಬ್ಬರ ಕೆಲಸ ಇವರೊಬ್ಬರ ಮೇಲೆ ಬೀಳುತ್ತಿದೆ. ಅದನ್ನು ಮೇಲಧಿಕಾರಿಯ ಮುಂದೆ ಹೇಗೆ ಎತ್ತುವುದು ಎಂಬುದರ ಕುರಿತು ಈಗ ನಮ್ಮ ಭೇಟಿಗಳು ಮುಂದುವರಿದಿವೆ.